ಸ್ವಿಚ್ ಹಾಕದೆ ಕುಣಿಗಲ್ಲಿಗೆ

ಪೆಟ್ರೋಲ್ ಗಾಡಿ ಇಟ್ಟವನು ಎಲ್ಲಿಗೆ ಹೋಗಬೇಕು ಎಂದಷ್ಟೇ ಯೋಚಿಸಿದರೆ ಸಾಕು. ಎಲೆಕ್ಟ್ರಿಕ್ ಸ್ಕೂಟರ್ ಇಟ್ಟವನು ವಾಪಸ್ ಹೇಗೆ ಬರಬೇಕು ಎಂಬುದನ್ನೂ ಮನೆ ಬಿಡುವ ಮುಂಚೆಯೇ ಯೋಚಿಸಬೇಕು. ಅಂಥ ಮುಂದಾಲೋಚನೆ ನನಗಿದ್ದಿದ್ದರೆ ಗುಬ್ಬಿಯ ಆಫೀಸಿನಲ್ಲಿ ಇನ್ನೂ ಗುಮಾಸ್ತನಾಗಿ ಕೂತಿರುತ್ತಿರಲಿಲ್ಲ, ಬಿಡಿ. ಆದರೂ ದಿನಾ ತುಮಕೂರಿನಿಂದ ಗುಬ್ಬಿಗೆ ಹೋಗಿ ಬರುವ ನನಗೆ ಈ ಗಾಡಿ ಒಗ್ಗಿಬಿಟ್ಟಿದೆ. ಮೊದಲೆಲ್ಲ ಬೆಳಿಗ್ಗೆ ಎದ್ದು ದೇವರ ಪಟ ನೋಡುತ್ತಿದ್ದೆ. ಈಗ ಗಾಡಿಯ ಬ್ಯಾಟರಿ ಪರ್ಸೆಂಟು ನೋಡುತ್ತೇನೆ. ಮನುಷ್ಯರನ್ನು ನೋಡುವ ಕಣ್ಣೂ ಬದಲಾಗಿದೆ. ನಮ್ಮ ಆಫೀಸಿನ ಶಿವಣ್ಣ ಬಹಳ ಒಳ್ಳೆಯವನು, ಆದರೆ ಧಡೂತಿ ಆಸಾಮಿ. ಸಂಜೆ ಅವನು ಡ್ರಾಪ್ ಕೇಳಲು ನಗುನಗುತ್ತಾ ಬಂದರೆ ನನಗೆ ಅವನ ನಗು ಕಾಣುವುದಿಲ್ಲ, ಹೊಟ್ಟೆ ಕಾಣುತ್ತದೆ. ಅವನನ್ನು ಕೂರಿಸಿಕೊಂಡ ದಿನ ಎದುರುಗಾಳಿಯೂ ಇದ್ದರೆ ಪರ್ಸೆಂಟು ಕಣ್ಣೆದುರೇ ಇಳಿಯುತ್ತದೆ. ಆಗೆಲ್ಲ ಮನಸ್ಸಿನಲ್ಲೇ ಅವನಿಗೆ ಡಯೆಟ್ ಹೇಳಿಕೊಡುತ್ತಾ ಗಾಡಿ ಓಡಿಸುತ್ತೇನೆ.

ಇಂಥ ಗಾಡಿಯಿಂದ ಒಂದು ಮದುವೆಯೇ ಮುರಿದುಬೀಳುವುದರಲ್ಲಿತ್ತು. ನನ್ನ ಹೆಂಡತಿ ಗಿರಿಜಳಿಗೆ ಲೋಕೇಶ ಅಂತ ಒಬ್ಬ ತಮ್ಮ. ಫ್ಯಾಕ್ಟರಿಯಲ್ಲಿ ಕೆಲಸ, ಬೆಳ್ಳಾವಿ ಕಡೆ ತೆಂಗಿನ ತೋಟ, ಒಳ್ಳೆಯ ಗುಣ, ಎಲ್ಲ ಇದ್ದೂ ಹೆಣ್ಣು ಮಾತ್ರ ಕೂಡಿಬರುತ್ತಿರಲಿಲ್ಲ. ಕೊನೆಗೆ ಕುಣಿಗಲ್ಲಿನ ಹುಡುಗಿಯೊಬ್ಬಳ ಫೋಟೋ ಬಂತು. ಅಲ್ಲಿಂದೀಚೆಗೆ ಅವನು ಊಟ ಮಾಡುವಾಗಲೂ ಫೋನು ಕೆಳಗಿಡಲಿಲ್ಲ. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಎತ್ತಬೇಡಿ ಎಂದುಬಿಟ್ಟ. ಎರಡೂ ಕಡೆಯವರು ಕೂತು ಮಾತಾಡುವ ಮೊದಲು ಆ ಮನೆಯವರು ಎಂಥವರು ಎಂದು ಗುಟ್ಟಾಗಿ ವಿಚಾರಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಮನೆಯ ಅಳಿಯ ಅಂತ ಆ ಜವಾಬ್ದಾರಿ ನನ್ನ ತಲೆಗೆ ಬಂತು. ಗಿರಿಜ ಮಗುವಿಗೆ ಹೇಳಿದ ಹಾಗೆ ಹೇಳಿಕೊಟ್ಟಳು: ಬೀದಿ ಕೊನೆಯ ಟೀ ಅಂಗಡಿಯಲ್ಲಿ ಕೂತು ವಿಚಾರಿಸಬೇಕು, ಅವರ ಮನೆ ಕಡೆ ತಲೆ ಹಾಕಬಾರದು, ಅಪ್ಪಿತಪ್ಪಿ ಒಳಗೆ ಹೋದರೂ ಊಟಕ್ಕೆ ಮಾತ್ರ ಕೂರಬಾರದು. ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಂಡರೆ ಸಂಬಂಧ ಒಪ್ಪಿದ ಹಾಗೆ. ನನಗೇನು ಅಷ್ಟೂ ಗೊತ್ತಿಲ್ಲವಾ ಎಂದು ರೇಗಿ, ಆ ಭಾನುವಾರ ಅದೇ ರೋಷದಲ್ಲಿ ಪರ್ಸೆಂಟು ನೋಡದೆ ಹೊರಟೆ.

ಹೆಬ್ಬೂರು ದಾಟಿದ ಮೇಲೆ ನೋಡಿದರೆ ಪರ್ಸೆಂಟು ತಳ ಕಂಡಿತ್ತು. ಶನಿವಾರ ಗುಬ್ಬಿಯಿಂದ ಬಂದವನು ಪ್ಲಗ್ ಚುಚ್ಚಿದ್ದೆ, ಸ್ವಿಚ್ ಹಾಕಿರಲಿಲ್ಲ. ಹಿಂದಕ್ಕೆ ತಿರುಗಿದರೆ ತುಮಕೂರು ಸಿಗುವುದಿಲ್ಲ, ಮುಂದಕ್ಕೆ ಹೋದರೆ ಕುಣಿಗಲ್ ಸಿಕ್ಕರೂ ಸಿಗಬಹುದು. ಚಾರ್ಜು ಉಳಿಸುವ ಇಕೋ ಮೋಡ್‌ಗೆ ಹಾಕಿ, ನನ್ನ ಭಾರ ಗಾಡಿಗೆ ಗೊತ್ತಾಗದಿರಲಿ ಅಂತ ಉಸಿರು ಬಿಗಿಹಿಡಿದು ಕೂತೆ. ಎಳನೀರು ತುಂಬಿದ ಲಗೇಜ್ ಆಟೋ ಕೂಡ ನನ್ನನ್ನು ಹಿಂದೆ ಹಾಕಿ ಹೋಯಿತು. ಅಂತೂ ಊರು ಸೇರಿ ಆ ಬೀದಿ ಹುಡುಕಿದರೆ, ಭಾನುವಾರ ಅಂತ ಟೀ ಅಂಗಡಿಗೆ ಬಾಗಿಲು ಹಾಕಿತ್ತು. ಮನೆಯನ್ನಾದರೂ ನೋಡಿಕೊಂಡು ಹೋಗೋಣ ಎಂದು ಮುಂದೆ ಹೋದೆ. ಗಾಡಿ ನಿಂತೇಹೋಯಿತು. ಎಲ್ಲಿ ಅಂತೀರಿ, ಸರಿಯಾಗಿ ಹುಡುಗಿಯ ಮನೆಯ ಗೇಟಿನ ಮುಂದೆ.

ವರಾಂಡದಲ್ಲಿ ಪೇಪರ್ ಓದುತ್ತಿದ್ದ ಹುಡುಗಿಯ ಅಪ್ಪ ಎದ್ದು ಬಂದು, ನಮ್ಮಲ್ಲೇ ಚಾರ್ಜ್ ಹಾಕಿಕೊಳ್ಳಿ ಸಾರ್, ಅದಕ್ಕೇನಂತೆ ಎಂದು ತಾವೇ ಗಾಡಿ ಒಳಗೆ ತಳ್ಳಿದರು. ಡಿಕ್ಕಿಯಿಂದ ಚಾರ್ಜರ್ ತೆಗೆದುಕೊಟ್ಟೆ. ಈ ಸಲ ಸ್ವಿಚ್ಚನ್ನೂ ಅವರೇ ಹಾಕಿದರು. ಈ ಕಡೆ ಬಂದದ್ದು ಯಾಕೆ ಎಂದಾಗ ಸೈಟು ನೋಡೋಣ ಅಂತ ಬಂದೆ ಎಂದು ಬುರುಡೆ ಬಿಟ್ಟೆ. ಪುಣ್ಯಾತ್ಮರು ಕೂಡಲೇ ಚಪ್ಪಲಿ ಮೆಟ್ಟಿ ನನ್ನನ್ನು ಸುಡುಬಿಸಿಲಿನಲ್ಲಿ ಬಡಾವಣೆಯೆಲ್ಲ ಸುತ್ತಿಸಿದರು. ದಿಕ್ಕು, ನೀರು, ಚರಂಡಿ ವಿವರಿಸುತ್ತಲೇ ನನ್ನ ಊರು, ಕೆಲಸ, ಹೆಂಡತಿಯ ತವರು ಎಲ್ಲ ಒಂದೊಂದಾಗಿ ಬಾಯಿ ಬಿಡಿಸಿದರು. ವಿಚಾರಿಸಲು ಹೋದವನು ನಾನು, ವಿಚಾರಣೆ ಆದದ್ದೂ ನನ್ನದೇ.

ಬೆವರು ಒರೆಸಿಕೊಂಡು ವಾಪಸ್ ಬಂದರೆ ಚಾರ್ಜು ಅರ್ಧವೂ ಆಗಿರಲಿಲ್ಲ. ಒಳಗಿನಿಂದ ನಾಟಿ ಕೋಳಿ ಸಾರಿನ ಘಮ ಬರುತ್ತಿತ್ತು. ಊಟಕ್ಕೆ ಏಳಿ ಎಂದರು. ಹೊಟ್ಟೆ ಏಳು ಎಂದಿತು, ಗಿರಿಜಳ ಮಾತು ಕೂರು ಎಂದಿತು. ಇವತ್ತು ಉಪವಾಸ ಎಂದೆ. ಭಾನುವಾರ ಯಾವ ದೇವರಿಗೆ ಎಂದು ಅವರು ಕೇಳಿದಾಗ ಬಾಯಿಗೆ ಬಂದದ್ದು ದೇವರಾಯನದುರ್ಗದ ಸ್ವಾಮಿಯ ಹೆಸರು. ಸ್ವಾಮಿಗೇ ಗಾಬರಿಯಾಗಿರಬೇಕು. ಅವರು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಹುಡುಗಿ ಮಜ್ಜಿಗೆ ತಂದಿಟ್ಟಳು. ಇಟ್ಟವಳು ಹೋಗದೆ ಅಲ್ಲೇ ನಿಂತು ಮೆಲ್ಲಗೆ ಕೇಳಿದಳು. “ಅಂಕಲ್, ಲೋಕೇಶ್ ಅವ್ರ ಫೋಟೋದಲ್ಲಿ ಪಕ್ಕದಲ್ಲಿ ನಿಂತಿರೋದು ನೀವೇ ಅಲ್ವಾ?”

ಮಜ್ಜಿಗೆ ನೆತ್ತಿಗೆ ಹತ್ತಿತು. ಯಾರದೋ ಗೃಹಪ್ರವೇಶದಲ್ಲಿ ನಾನು ಅವನ ಹೆಗಲ ಮೇಲೆ ಕೈಹಾಕಿ ನಿಂತಿದ್ದ ಫೋಟೋವನ್ನೇ ಆ ಪುಣ್ಯಾತ್ಮ ಕಳಿಸಿದ್ದ. ಸೈಟು, ಉಪವಾಸ, ಎಲ್ಲ ಒಟ್ಟಿಗೆ ನೆನಪಾಗಿ ಮುಖ ಎತ್ತಲಾಗಲಿಲ್ಲ. ಫೋನು ಹಿಡಿದು ಕಾಯುತ್ತಿದ್ದ ಲೋಕೇಶ ಕಣ್ಣ ಮುಂದೆ ಬಂದ. ಪಾಪ, ನನ್ನ ದೆಸೆಯಿಂದ ಅವನ ಬಾಳು ಹಾಳಾಯಿತಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಹೌದಮ್ಮ ಎಂದು ಒಪ್ಪಿಕೊಂಡೆ.

ಅವಳು ಗಾಡಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಅವ್ರೂ ನಿಮ್ಮಂಗೇನಾ?”

ನನಗೂ ಮಾನ ಮರ್ಯಾದೆ ಇದೆ. ನನ್ನ ಪರವಾಗಿ ಹೇಳಿಕೊಳ್ಳುವ ಮಾತೂ ನಾಲ್ಕಿದ್ದವು. ಅವನ್ನೆಲ್ಲ ನುಂಗಿಕೊಂಡೆ. “ಇಲ್ಲಮ್ಮ, ಅವ್ನು ನನ್ನಂಗಲ್ಲ. ಎಲ್ಲಾ ನೋಡ್ಕೊಂಡೇ ಮನೆ ಬಿಡ್ತಾನೆ. ಸುಳ್ಳು ಹೇಳಕ್ಕೂ ಬರಲ್ಲ.”

ಅವಳು ನಕ್ಕುಬಿಟ್ಟಳು. “ಹಂಗಾದ್ರೆ ಉಪವಾಸ ಬಿಡಿ ಅಂಕಲ್. ಬನ್ನಿ, ಮುದ್ದೆ ಆರೋಗ್ತದೆ.”

ಉಂಡೆ. ಕೇಳಿ ಕೇಳಿ ಬಡಿಸಿದರು, ನಾನೂ ನಾಚಿಕೆ ಬಿಟ್ಟು ಬಡಿಸಿಕೊಂಡೆ. ಸಂಜೆ ತುಮಕೂರಿಗೆ ಬಂದಾಗ ಲೋಕೇಶ ಗೇಟಿನಲ್ಲೇ ನಿಂತಿದ್ದ; ಊಟ ಆಯಿತು ಎಂದದ್ದೇ ತಡ, ನನ್ನ ಕೈ ಹಿಡಿದು ಕಣ್ಣು ತುಂಬಿಕೊಂಡ. ಗಿರಿಜಳಿಗೆ ಮಾತ್ರ ನಡೆದದ್ದೆಲ್ಲ ಬಿಡಿಸಿ ಹೇಳಬೇಕಾಯಿತು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೈಯಲಿಲ್ಲ, ಗಾಡಿಯನ್ನೇ ನೋಡುತ್ತಾ ನಿಟ್ಟುಸಿರು ಬಿಟ್ಟಳು.

“ನಮ್ಮಪ್ಪ ನಿಮ್ಮನ್ನ ವಿಚಾರಿಸೋಕೆ ಬಸ್ಸಲ್ಲಿ ಹೋಗಿದ್ರು ಕಣ್ರೀ. ಕೊನೇ ಬಸ್ಸು ತಪ್ಪುತ್ತೆ ಅಂತ ಏನೂ ಕೇಳ್ದೆ ಎದ್ದು ಬಂದ್ಬಿಟ್ರು.”