ಇಂದುಧರನ ಊಟದ ಬಟನ್ನು

“ಹೊಯ್ಸಳರು ಕಲ್ಲಲ್ಲಿ ಏನು ಮಾಡಿದ್ರೋ, ಅದನ್ನ ನಾನು ಕಂಪ್ಯೂಟರಲ್ಲಿ ಮಾಡಿ ತೋರಿಸ್ತೀನಿ!”

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ತನ್ನ ಮನೆಯ ಜಗಲಿಯಲ್ಲಿ ನಿಂತು ಇಂದುಧರ ಹೀಗೆ ಘೋಷಿಸಿದಾಗ ಕೇಳಿಸಿಕೊಂಡಿದ್ದು ಎರಡೇ ಜೀವ. ಒಂದು, ಅವರೆಕಾಯಿ ಸುಲಿಯುತ್ತ ಕೂತಿದ್ದ ಹೆಂಡತಿ ಹೇಮಲತಾ. ಇನ್ನೊಂದು ಬೀದಿನಾಯಿ. ನಾಯಿ ಎದ್ದು ಹೋಯಿತು. ಹೇಮಲತಾಗೆ ಆ ಸ್ವಾತಂತ್ರ್ಯ ಇರಲಿಲ್ಲ.

“ಅವರಿಗೆ ಎಷ್ಟೋ ವರ್ಷ ಹಿಡೀತಂತೆ ಕಣ್ರೀ. ಅಷ್ಟಾದ್ರೂ ಪೂರ್ತಿ ಮುಗೀಲಿಲ್ಲವಂತೆ.”

“ನಂಗೆ ಹತ್ತೇ ನಿಮಿಷ!”

ಈ ಹತ್ತು ನಿಮಿಷದ ಕಥೆ ಶುರುವಾದದ್ದು ಅರಸೀಕೆರೆ ಬಸ್ಸಿನಲ್ಲಿ. ಇಂದುಧರ ಅಲ್ಲಿಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ದಿನವೂ ಹಳೇಬೀಡಿನಿಂದ ಹೋಗಿಬರುವ ದಾರಿಯಲ್ಲಿ ಮೊಬೈಲು ನೋಡುವುದು ಅವನ ವಿದ್ಯಾಭ್ಯಾಸ. ಒಂದು ದಿನ ಗಡ್ಡ ಬಿಟ್ಟ ಯುವಕನೊಬ್ಬ ಆ ಮೊಬೈಲಿನಲ್ಲಿ ಪ್ರತ್ಯಕ್ಷನಾಗಿ, “ಈ ಹೊಸ ಫ್ರೇಮ್‌ವರ್ಕ್ ಇದ್ದರೆ ಹತ್ತೇ ನಿಮಿಷದಲ್ಲಿ ಯಾರು ಬೇಕಾದರೂ ವೆಬ್‌ಸೈಟ್ ಕಟ್ಟಬಹುದು!” ಎಂದು ವರ ಕೊಟ್ಟ. ಯಾರು ಬೇಕಾದರೂ ಅಂತೆ! ಹತ್ತು ನಿಮಿಷದಲ್ಲಿ ಒಂದು ಸೇರು ಅವರೆಕಾಯಿ ಸುಲಿಯುವುದೂ ಆಗದ ಈ ಲೋಕದಲ್ಲಿ ಇಂಥ ವರ ಕೊಡುವವರನ್ನು ಹಿಡಿದು ನಾಲ್ಕು ದಿನ ಅವರೆಕಾಯಿ ಸುಲಿಸಬೇಕು. ಆದರೆ ಇಂದುಧರ ನಂಬಿದ.

ನಂಬಲು ಕಾರಣವೂ ಇತ್ತು. ಹೇಮಲತಾ ಮನೆಯಲ್ಲೇ ಊಟ ಹಾಕುತ್ತಿದ್ದಳು. ಹಳೇಬೀಡಿನ ಗುಡಿ ನೋಡಿ, ಬಸ್ತಿಹಳ್ಳಿಯ ಬಸದಿಗಳನ್ನೂ ನೋಡಿ ಹಸಿದು ಬರುವವರಿಗೆ ಅಕ್ಕಿರೊಟ್ಟಿ, ಎಣ್ಣೆಗಾಯಿ, ಮುದ್ದೆ, ಅವರೆಕಾಳು ಸಾರು. ಬೇಲೂರಿನ ಗೈಡು ಇಂದ್ರೇಶ್ ಆಗೀಗ ಅಲ್ಲಿಯ ಗುಡಿ ನೋಡಿದ ಜನರನ್ನು ನೇರ ಊಟಕ್ಕೇ ಕರೆತರುತ್ತಿದ್ದ. ಬೆಳಗ್ಗೆ ಎಷ್ಟು ತಲೆ ಎಂದು ಒಂದು ಫೋನು. ಬಸ್ಸು ಬೇಲೂರು ಬಿಟ್ಟಾಗ ಇನ್ನೊಂದು ಫೋನು. ಎರಡನೆಯ ಫೋನಿಗೆ ಹೇಮಲತಾ ಮುದ್ದೆಗೆ ಎಸರಿಡುವಳು. ಬಸ್ಸು ಬಾಗಿಲಿಗೆ ಬರುವುದಕ್ಕೂ ಮುದ್ದೆ ತಟ್ಟೆಗೆ ಇಳಿಯುವುದಕ್ಕೂ ಸರಿಹೋಗುತ್ತಿತ್ತು.

ಈಗ ಇಂದ್ರೇಶ್ ಒಂದು ದೊಡ್ಡ ಮಾತು ಆಡಿದ್ದ. “ಅಕ್ಕ, ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಬೆಂಗಳೂರಿಂದ ಒಂದು ಗುಂಪು ಬತ್ತೈತೆ. ಊಟ ಒಪ್ಪಿದ್ರೆ ಇನ್ಮೇಲೆ ಪ್ರತಿ ಭಾನುವಾರ ನನ್ನ ಬಸ್ಸು ನಿಮ್ಮನೆ ಬಾಗಲಿಗೇ. ಒಪ್ಪಲಿಲ್ವೋ, ಬಸ್‌ಸ್ಟ್ಯಾಂಡಿನ ಹೋಟ್ಲಿಗೆ ಹೋಗ್ತೀನಿ. ಬೇಜಾರು ಮಾಡ್ಕೋಬಾರ್ದು.”

ಹೇಮಲತಾ ಅಂದಿನಿಂದ ಆ ಭಾನುವಾರವನ್ನೇ ಜಪಿಸುತ್ತಿದ್ದಳು. ಇಂದುಧರ ಅದಕ್ಕೊಂದು ತಾಂತ್ರಿಕ ಕಳಶ ಇಡಲು ಹೊರಟ.

“ಫ್ರೇಮ್‌ವರ್ಕ್ ಅಂದ್ರೆ ಏನ್ರೀ?”

“ಮನೆ ಕಟ್ಟೋಕೆ ಮೊದಲೇ ಕಂಬ, ತೊಲೆ ಎಲ್ಲ ನಿಲ್ಲಿಸಿ ಕೊಟ್ಟಂಗೆ ಕಣೇ. ಗೋಡೆ ಕಟ್ಕೊಂಡ್ರೆ ಆಯ್ತು.”

“ಗೋಡೆ ಯಾರು ಕಟ್ತಾರೆ?”

“ನಾನೇ!”

“ಬಚ್ಚಲು ಗೋಡೆ ಬಿದ್ದು ಎರಡು ಮಳೆಗಾಲ ಆಯ್ತು,” ಎಂದು ಹೇಮಲತಾ ಒಂದು ಹುಳುಕು ಕಾಯಿಯನ್ನು ಪಕ್ಕಕ್ಕೆ ಎಸೆದಳು.

ಇಂಥ ಸಣ್ಣ ಮಾತಿಗೆಲ್ಲ ಮಹಾಶಿಲ್ಪಿಗಳು ಕಿವಿಗೊಡುವುದಿಲ್ಲ. ಇಂದುಧರ ಮಂಡಿಯ ಸಾಹುಕಾರರ ಹಳೆಯ ಲ್ಯಾಪ್‌ಟಾಪನ್ನು ಬೇಡಿ ತಂದ. ಫ್ರೇಮ್‌ವರ್ಕನ್ನು ಇನ್‌ಸ್ಟಾಲ್ ಮಾಡಿದ. ಒಬ್ಬನನ್ನು ಮದುವೆಗೆ ಕರೆದರೆ ಬೀಗರು, ಬೀಗರ ಬೀಗರು, ಅವರ ಪಕ್ಕದ ಮನೆಯವರು ಎಲ್ಲ ಬಂದಂತೆ ಅದು ತನ್ನ ಹಿಂದೆ ನೂರಾರು ಫೈಲುಗಳ ದಿಬ್ಬಣವನ್ನೇ ಹೊರಡಿಸಿಕೊಂಡು ಬಂತು. ಯಾರನ್ನು ಎಲ್ಲಿ ಇಳಿಸುವುದೋ ತಿಳಿಯದೆ ಲ್ಯಾಪ್‌ಟಾಪು ಏದುಸಿರು ಬಿಟ್ಟಿತು. ಒಂದು ಅಲ್ಪವಿರಾಮ ತಪ್ಪಿದರೆ ಪರದೆಯೆಲ್ಲ ಕೆಂಪು, ಕುಂಕುಮದ ಬಟ್ಟಲು ಚೆಲ್ಲಿದ ಹಾಗೆ! ಇಂದುಧರ ಬೈದ, ಬೇಡಿಕೊಂಡ, ವಿಭೂತಿ ಇಟ್ಟುಕೊಂಡು ಬಂದು ಮತ್ತೆ ಕೂತ. ಹತ್ತು ನಿಮಿಷಗಳು ಸೇರಿ ಸೇರಿ ಹನ್ನೊಂದು ದಿನವಾದವು.

ಕೊನೆಗೆ ಮೊದಲನೆಯ ಪಾಠ ಮುಗಿಯಿತು. ಪಾಠದಲ್ಲಿದ್ದದ್ದು ಇಷ್ಟೇ: ಒಂದು ಬಟನ್ನು. ಒತ್ತಿದರೆ ಪಕ್ಕದ ಸಂಖ್ಯೆ ಒಂದು ಹೆಚ್ಚುತ್ತದೆ. ಜಗತ್ತಿನಲ್ಲಿ ಈ ವಿದ್ಯೆ ಕಲಿಯುವವರೆಲ್ಲ ಮೊದಲು ಮಾಡುವುದು ಇದನ್ನೇ, ಅಕ್ಷರಾಭ್ಯಾಸಕ್ಕೆ ಅಕ್ಕಿಯ ಮೇಲೆ ‘ಓಂ’ ಬರೆದ ಹಾಗೆ. ಆದರೆ ಪಾಠ ಮುಗಿದೊಡನೆ ಪರದೆಯ ಮೇಲೆ ಬಣ್ಣದ ಕಾಗದಗಳು ಹಾರಿ ‘ಅಭಿನಂದನೆಗಳು!’ ಎಂದಿತು ನೋಡಿ, ಇಂದುಧರ ಅದನ್ನೇ ಘಟಿಕೋತ್ಸವ ಎಂದುಕೊಂಡ. ಮುಂದೆ ಇನ್ನೂ ಹದಿಮೂರು ಪಾಠಗಳಿದ್ದವು. ಅವು ಬುದ್ಧಿ ಕಡಿಮೆ ಇರುವವರಿಗೆ ಎಂದು ತೀರ್ಮಾನಿಸಿದ.

ಬಟನ್ನಿನ ಮೇಲೆ ‘ಊಟ ಬೇಕು’ ಎಂದು ಬರೆದ. ಒತ್ತಿದರೆ ಕೆಳಗೆ ‘ನಿಮ್ಮ ಊಟ ಕಾದಿರಿಸಲಾಗಿದೆ. ಒಟ್ಟು ಊಟ: 1’ ಎಂದು ಬರುವಂತೆ ಮಾಡಿದ. ಅದನ್ನು ಲೋಕಕ್ಕೆ ತೋರಿಸಲು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಜಾಗವೂ ಸಿಕ್ಕಿತು. ವಿಳಾಸವನ್ನು ಇಂದ್ರೇಶನಿಗೆ ಕಳಿಸಿ, ಜೊತೆಗೆ ಒಂದು ರಾಜಾಜ್ಞೆಯನ್ನೂ ಹೊರಡಿಸಿದ.

“ಇನ್ಮೇಲೆ ಫೋನು ಗೀನು ಮಾಡ್ಬೇಡಿ ಇಂದ್ರೇಶ್. ಅದೆಲ್ಲ ಹಳೇ ಕಾಲ. ನಿಮ್ಮ ಜನ ಬಟನ್ ಒತ್ತಲಿ, ಲೆಕ್ಕ ತಾನೇ ಬಂದು ಇಲ್ಲಿ ಕೂರ್ತೈತೆ.”

ಶನಿವಾರ ಸಂಜೆ ಲ್ಯಾಪ್‌ಟಾಪನ್ನು ನಡುಮನೆಯಲ್ಲಿ ತೆರೆದಿಟ್ಟು ಇಂದುಧರ ಸ್ನಾನಕ್ಕೆ ಹೋದ. ಅದೇ ಹೊತ್ತಿಗೆ ಎದುರುಮನೆಯ ಅಂಕಮ್ಮ ಹಾಲಿಗೆ ಹೆಪ್ಪು ಕೇಳಿಕೊಂಡು ಬಂದಳು. ಹೇಮಲತಾ ಹೆಪ್ಪು ತರಲು ಒಳಗೆ ಹೋದಾಗ ಅಂಕಮ್ಮ ಪರದೆಯ ಮೇಲಿನ ಕೆಂಪು ಬಟನ್ನು ನೋಡಿದಳು. ಒಂದು ಸಲ ಒತ್ತಿದಳು. ಸಂಖ್ಯೆ ಏರಿತು! ಇನ್ನೊಂದು ಸಲ ಒತ್ತಿದಳು. ಮತ್ತೂ ಏರಿತು! ಬದುಕಿನಲ್ಲಿ ಒತ್ತಿದ ಕೂಡಲೇ ಏರುವುದು ಬೇರೆ ಏನಿದೆ? ಖುಷಿಯಿಂದ ಇನ್ನಷ್ಟು ಒತ್ತಿ, ಹೆಪ್ಪು ಇಸಿದುಕೊಂಡು, ಏನೂ ಅರಿಯದವಳಂತೆ ಮನೆಗೆ ಹೋದಳು.

ಸ್ನಾನ ಮುಗಿಸಿ ಬಂದ ಇಂದುಧರ ಟವೆಲಿನಲ್ಲೇ ಕುಣಿದ. “ಏಳು! ಏಳು ಊಟ ಬಂದವು ಕಣೇ!”

“ಏಳೇ ಜನಾನಾ? ಗುಂಪು ಅಂದಿದ್ರಲ್ಲ?”

“ಇದು ಶುರು ಅಷ್ಟೇ. ನೆನೆ ಹಾಕು!”

ಹೇಮಲತಾ ಏಳು ಜನರ ಲೆಕ್ಕಕ್ಕೆ ಕಾಳು ನೆನೆ ಹಾಕಿದಳು. ಇಂದುಧರ ಲ್ಯಾಪ್‌ಟಾಪು ಮುಚ್ಚಿ ನಿದ್ದೆ ಹೋದ. ಭಾನುವಾರ ಬೆಳಗ್ಗೆ ಎದ್ದು ಮತ್ತೆ ಚಾಲೂ ಮಾಡಿ ಪುಟ ತೆರೆದರೆ ಪರದೆಯ ಮೇಲೆ ಪೂರ್ಣಚಂದ್ರನಂತೆ ಒಂದು ಸೊನ್ನೆ!

“ಏಳು ಜನ ಎಲ್ರೀ?” ಎಂದಳು ಹೇಮಲತಾ.

“ಕ್ಯಾನ್ಸಲ್!” ಇಂದುಧರನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. “ಮಾತಿಗೆ ಬೆಲೆ ಇಲ್ಲದ ಜನ! ಒಂದು ಹೆಣ್ಣುಮಗಳು ಕಾಳು ನೆನೆಸಿ ಕಾಯ್ತಾ ಇದಾಳೆ ಅನ್ನೋ ಜ್ಞಾನ ಬೇಡ್ವಾ?” ಎಂದು ಗುಡುಗಿ, ಆ ಸಿಟ್ಟಿನಲ್ಲೇ ವೆಬ್‌ಸೈಟಿನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಶಾಸನ ಕೆತ್ತಿದ: ‘ಊಟ ಹೇಳಿ ಕೈಕೊಡುವವರಿಗೆ ಈ ಮನೆಯಲ್ಲಿ ಕ್ಷಮೆ ಇಲ್ಲ!’

“ಇಂದ್ರೇಶಪ್ಪಂಗೆ ಒಂದು ಫೋನು ಮಾಡ್ಲಾ?”

“ಮಾಡ್ಬೇಡ! ವ್ಯವಸ್ಥೆ ಮೇಲೆ ನಂಬಿಕೆ ಇರ್ಬೇಕು.” ಗಳಿಗೆಗೊಮ್ಮೆ ಇಂದುಧರ ಪರದೆ ನೋಡಿದ. ಸೊನ್ನೆ ಕದಲಲಿಲ್ಲ. ಆಮೇಲೆ ಅವನು ಆಡಬಾರದ ಮಾತೊಂದನ್ನು ಆಡಿದ. “ನಿಜ ಹೇಳ್ಬೇಕು ಅಂದ್ರೆ ಹೇಮಾ, ನಿನ್ನ ಅಡುಗೆಗೆ ಬೇಡಿಕೆ ಇಲ್ಲ. ನಾನು ಹೇಳ್ತಿಲ್ಲ ಕಣೇ, ಡೇಟಾ ಹೇಳ್ತೈತೆ.”

ಹೇಮಲತಾ ನೆನೆದ ಕಾಳನ್ನು ಮುಚ್ಚಿಟ್ಟು, ಇಬ್ಬರಿಗಾಗುವಷ್ಟು ಉಪ್ಪಿಟ್ಟು ಕೆದಕಿ, ಒಲೆ ಆರಿಸಿ, ಗೋಡೆಗೆ ಒರಗಿ ಕೂತಳು. ವರ್ಷಾನುಗಟ್ಟಲೆ ತಟ್ಟೆ ನೆಕ್ಕಿ ಹೋದವರ ಮುಖಗಳು ಒಂದು ಕಡೆ, ಗಂಡನ ಸೊನ್ನೆ ಒಂದು ಕಡೆ. ಮನೆಯೊಳಗೆ ಗಂಡಸರ ಕೈಗೆ ಒಂದು ಯಂತ್ರ ಸಿಕ್ಕರೆ ಮೊದಲು ಅಳೆಯುವುದು ಹೆಂಗಸರ ಕೆಲಸವನ್ನೇ. ತಮ್ಮದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಮಧ್ಯಾಹ್ನ ಬಾಗಿಲಲ್ಲಿ ಬಸ್ಸು ನಿಂತಿತು.

ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು! ಟೋಪಿಯವರು, ಕ್ಯಾಮರಾದವರು, ಮಂಡಿನೋವಿನವರು. ಇಪ್ಪತ್ತೆಂಟು ಜನರೂ ಎಲೆಯ ಮುಂದೆ ಕೂರಲು ಸಿದ್ಧರಾದವರ ಮುಖ ಹೊತ್ತಿದ್ದರು. ಎಲ್ಲರ ಹಿಂದೆ ಇಂದ್ರೇಶ್ ನಗುತ್ತ ಬಂದ. “ಅಕ್ಕ, ಘಮಘಮ ಅಂತಿಲ್ವಲ್ಲ ಇವತ್ತು?”

“ಯಾರಿಗೆ ಊಟ ಹೇಳಿದ್ರಿ ನೀವು?” ಎಂದು ಇಂದುಧರ ಹೊರಗೆ ಓಡಿಬಂದ.

“ನಾವೆಲ್ಲ ಬೆಳಗ್ಗೆನೇ ಬಟನ್ ಒತ್ತಿ ಹೇಳಿದ್ವಲ್ಲ ಅಂಕಲ್!” ಎಂದು ಸಿರಿ ಎಂಬ ಹುಡುಗಿ ಮುಂದೆ ಬಂದಳು. ಗುಂಪನ್ನು ಕಟ್ಟಿಕೊಂಡು ಬಂದವಳು ಅವಳೇ. ಬೆಂಗಳೂರಿನಲ್ಲಿ ವೆಬ್‌ಸೈಟು ಮಾಡುವುದೇ ಅವಳ ಕೆಲಸ. ಫೋನು ತೋರಿಸಿದಳು. “ನೋಡಿ, ‘ಊಟ ಕಾದಿರಿಸಲಾಗಿದೆ’. ಮೇಲುಗಡೆ ‘ಕೈಕೊಡುವವರಿಗೆ ಕ್ಷಮೆ ಇಲ್ಲ’ ಅಂತ ಬೇರೆ ಇದೆ. ಇಬ್ಬರಿಗೆ ಹೊಟ್ಟೆ ಸರಿ ಇರಲಿಲ್ಲ, ಇದನ್ನ ನೋಡಿ ಹೆದರಿ ಅವರೂ ಬಂದ್ಬಿಟ್ರು!”

ಅವಳ ಫೋನಿನಲ್ಲಿ ಒಟ್ಟು ಊಟ ಒಂದು. ಪಕ್ಕದವನ ಫೋನಿನಲ್ಲೂ ಒಂದು. ಎಲ್ಲರ ಫೋನಿನಲ್ಲೂ ಒಂದೊಂದೇ. ಸಿರಿ ನಾಲ್ಕು ಸಲ ಬೆರಳಾಡಿಸಿ ತಲೆ ಚಚ್ಚಿಕೊಂಡಳು. “ಅಯ್ಯೋ! ಲೆಕ್ಕ ಆಯಾ ಫೋನಲ್ಲೇ ಉಳ್ಕೊಳ್ಳುತ್ತೆ ಅಂಕಲ್, ನಿಮ್ಮನೆಗೆ ಬರೋದೇ ಇಲ್ಲ. ಪುಟ ಮತ್ತೆ ತೆರೆದ್ರೆ ಅದೂ ಅಳಿಸಿಹೋಗುತ್ತೆ. ಇದು ಮೊದಲನೇ ಪಾಠ. ಬೇರೆಯವರಿಗೆ ಲೆಕ್ಕ ತಲುಪಿಸೋದು ಮುಂದಿನ ಪಾಠದಲ್ಲಿ ಬರುತ್ತೆ!”

ಬುದ್ಧಿ ಕಡಿಮೆ ಇರುವವರ ಆ ಪಾಠ! ಇಂದುಧರ ಕಂಬ ಹಿಡಿದುಕೊಂಡ.

ಇಂದ್ರೇಶನ ನಗು ಇಳಿಯಿತು. “ಅಕ್ಕ, ಹಂಗಾರೆ ಹೋಟ್ಲಿಗೆ ಕರ್ಕೊಂಡ್ ಹೋಗ್ತೀನಿ…”

ಆಗ ಹೇಮಲತಾ ಎದ್ದಳು. ಸೆರಗು ಸಿಕ್ಕಿಸಿದಳು. “ಇವರನ್ನ ಬಸದಿಗೆ ಕರ್ಕೊಂಡ್ ಹೋಗಪ್ಪ. ಆ ಕನ್ನಡಿಯಂಥ ಕಲ್ಲುಕಂಬಗಳಲ್ಲಿ ಮುಖ ನೋಡ್ಕೊಂಡು ನಿಧಾನಕ್ಕೆ ಬರ್ಲಿ. ಬಂದಾಗ ಎಲೆ ಹಾಕಿರ್ತೀನಿ. ರೀ, ಆ ಪೆಟ್ಟಿಗೆ ಮುಚ್ಚಿ, ಕಾಯಿ ತುರೀರಿ!”

ಇಂದುಧರ ತುರಿಯತೊಡಗಿದ. ಹೇಮಲತಾ ಬೀದಿ ದಾಟಿ ಎದುರುಮನೆಯ ಬಾಗಿಲಲ್ಲಿ ನಿಂತಳು.

“ಅಂಕಮ್ಮ, ಇಪ್ಪತ್ತೆಂಟು ಮುದ್ದೆ ಬೇಕು. ನಾನು ಸಾರಿಗೆ ಇಡ್ತೀನಿ, ಮುದ್ದೆ ನೀನು ತಿರುವಿಕೊಡು.”

“ಅಯ್ಯೋ ಅಕ್ಕಯ್ಯ, ಭಾನ್ವಾರ ಅಲ್ವಾ, ನಮ್ಮನೇಲಿ ಕೋಳಿ ಬೇಯ್ತಾ ಐತೆ. ನಮ್ಮ ಮುದ್ದೆ ನಿಮ್ಮ ಹೊಸಿಲು ದಾಟ್ತದಾ?”

“ಹಸಿದೋರು ಕೇಳಲ್ಲ. ಕೇಳೋರು ನಮ್ಮನೇಲಿ ಒಬ್ಬರವ್ರೆ, ಅವರು ಇವತ್ತು ಬಾಯಿ ತೆಗೆಯಂಗಿಲ್ಲ.”

ಅಂಕಮ್ಮ ಗಹಗಹಿಸಿ ನಕ್ಕು ದೊಡ್ಡ ಪಾತ್ರೆ ಇಳಿಸಿದಳು. ಹೇಮಲತಾ ನೆನೆದ ಕಾಳಿಗೆ ಹಿಂದಿನ ದಿನ ಸುಲಿದಿಟ್ಟ ಅವರೆಯನ್ನೆಲ್ಲ ಸುರಿದಳು, ಬೀದಿಯ ಮನೆಗಳಿಂದ ಮಜ್ಜಿಗೆ, ಹುಚ್ಚೆಳ್ಳು ಚಟ್ನಿ, ಉಪ್ಪಿನಕಾಯಿ ಬಂದವು. ಇಂದುಧರ ತುರಿದ ಕಾಯಿಯಲ್ಲಿ ಅರ್ಧ ಅವನ ಬೆರಳಿನ ಚರ್ಮವಿತ್ತೆಂದು ಅವನೇ ಹೇಳುತ್ತಾನೆ. ಅತಿಶಯೋಕ್ತಿ, ನಂಬಬೇಡಿ.

ಜನ ಮರಳಿ ಬಂದಾಗ ಎಲೆ ಹಾಕಿತ್ತು. ಮೊದಲ ತುತ್ತಿಗೆ ಮಾತು ನಿಂತಿತು, ಎರಡನೆಯ ತುತ್ತಿಗೆ ಕ್ಯಾಮರಾಗಳು ಒಳಗೆ ಹೋದವು. ಆಮೇಲೆ ಗಾಳಿ ಬೀಸಿದ ದಿಕ್ಕಿನಿಂದ ಕೋಳಿಸಾರಿನ ವಾಸನೆ ಬಂತು. ಟೋಪಿಯವನೊಬ್ಬ ತನ್ನ ಮುದ್ದೆ ಎತ್ತಿಕೊಂಡು ಮೆಲ್ಲಗೆ ಎದುರುಮನೆಯ ಜಗಲಿಗೆ ದಾಟಿದ. ಅವನ ಹಿಂದೆ ಇನ್ನೊಬ್ಬ. ಹೇಮಲತಾ ನೋಡಿದಳು, ನಕ್ಕಳು, ಎಲೆ ಅಲ್ಲಿಗೇ ಕಳಿಸಿದಳು.

ಇಂದ್ರೇಶ್ ಬೆರಳು ನೆಕ್ಕುತ್ತ ತೀರ್ಪು ಕೊಟ್ಟ. “ಅಕ್ಕ, ಪ್ರತಿ ಭಾನುವಾರ ಬಸ್ಸು ಇಲ್ಲಿಗೇ. ಈ ಜಗಲಿ, ಆ ಜಗಲಿ, ಎರಡೂ ಹಿಂಗೇ ಇರ್ಬೇಕು. ಬೆಳಗ್ಗೆ ನಾನೇ ಫೋನು ಮಾಡ್ತೀನಿ.”

ಹೇಮಲತಾಳ ಕಣ್ಣು ತೇವವಾಯಿತು. ಮೆಣಸಿನಕಾಯಿ ಘಾಟು ಎಂದಳು.

ಅಷ್ಟರಲ್ಲಿ ಸಿರಿ ಕೇಳಿದಳು. “ಆಂಟಿ, ಈ ವೆಬ್‌ಸೈಟ್ ಮಾಡಿಕೊಟ್ಟಿದ್ದು ಯಾರು?”

ನೀರು ಬಡಿಸುತ್ತಿದ್ದ ಇಂದುಧರ ನಿಂತಲ್ಲೇ ಕಲ್ಲಾದ. ಬೆಳಗ್ಗೆ ಹೆಂಡತಿಗೆ ಏನಂದಿದ್ದೆ ಎಂದು ನೆನಪಾಯಿತು. ಈಗ ಅವಳ ಸರದಿ. ಹೇಮಲತಾ ಗಂಡನ ಮುಖ ನೋಡಿದಳು. ಹೊರಗಿನವರ ಎದುರು ಮನೆಯವನ ಮಾನ ಕಳೆಯುವುದು ಅವಳಿಂದಾಗಲಿಲ್ಲ.

“ಯಾವುದೋ ಬೆಂಗಳೂರು ಕಂಪನಿಯವರು ಕಣಮ್ಮ. ಮಾಡಿಕೊಟ್ಟು ಹೋದ್ರು.”

“ಕಳ್ಳರು!” ಎಂದಳು ಸಿರಿ. ಪಂಕ್ತಿಯೇ ಎದ್ದು ಬೈಯಿತು. ಹಳ್ಳಿಯವರನ್ನು ಸುಲಿಯುವವರು! ಅಕ್ಷರಶತ್ರುಗಳು! ಜೈಲಿಗೆ ಹಾಕಬೇಕು! “ಹೌದಲ್ವಾ ಅಂಕಲ್?” ಎಂದು ಪ್ರತಿಯೊಬ್ಬರೂ ಇಂದುಧರನನ್ನೇ ಕೇಳಿದರು. ಅವನು ನೀರು ಹಾಕುತ್ತ “ಹೌದು, ಹೌದು” ಎಂದ. ಪಂಕ್ತಿಯ ಕೊನೆ ಮುಟ್ಟುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ತನ್ನನ್ನು ತಾನೇ ಜೈಲಿಗೆ ಹಾಕಿಕೊಂಡಿದ್ದ. ಇಲ್ಲದ ಕಂಪನಿಯ ಮೇಲೆ ಬೈಗುಳ ಸುರಿಯುತ್ತಿದ್ದರೆ ಇರುವ ಆತ್ಮಸಾಕ್ಷಿಗೆ ತಡೆಯಲಾಗಲಿಲ್ಲ. ತಂಬಿಗೆ ಕೆಳಗಿಟ್ಟ.

“ಯಾರನ್ನೂ ಬೈಬೇಡಿ. ಅದನ್ನ ಮಾಡಿದ್ದು ನಾನೇ.”

ಎರಡೂ ಜಗಲಿಗಳು ಒಟ್ಟಿಗೇ ನಕ್ಕವು. ಸಿರಿಗೆ ಮಾತ್ರ ಅವನ ಔದಾರ್ಯ ಕಂಡು ಕಣ್ಣು ತುಂಬಿ ಬಂತು.

“ಪಾಪ, ಎಷ್ಟು ಒಳ್ಳೆಯವರು ಅಂಕಲ್ ನೀವು! ಆದ್ರೆ ಅವರನ್ನ ಉಳಿಸೋಕೆ ಸುಳ್ಳು ಹೇಳ್ಬೇಡಿ. ಇಷ್ಟು ಕೆಟ್ಟದಾಗಿ ಮಾಡೋಕೆ ಒಬ್ಬರ ಕೈಲಿ ಆಗಲ್ಲ, ಒಂದು ಕಂಪನಿಯೇ ಬೇಕು. ಸ್ವಲ್ಪ ಮಜ್ಜಿಗೆ ಹಾಕಿ.”