ಹುಳದ ಸರ್

ಪಾಂಡುರಂಗ ಗಲಗಲಿಯ ಸಂಕಟಕ್ಕೆಲ್ಲ ಮೂಲ ಒಂದು ಹುಳ. ಬೆಳ್ಳಿ ಬಣ್ಣದ್ದು, ಜೀರಿಗೆ ಕಾಳಿಗಿಂತ ತುಸು ಉದ್ದ, ಹಳೇ ಪುಸ್ತಕವೆಂದರೆ ಪ್ರಾಣ ಬಿಡುವಂಥದು. ಬೈಲಹೊಂಗಲದ ಆ ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿಯ ಎಲ್ಲ ಪುಸ್ತಕಗಳನ್ನೂ ಮೊದಲ ಹಾಳೆಯಿಂದ ಕೊನೆಯ ಹಾಳೆಯ ತನಕ ಮುಗಿಸಿದ ಜೀವ ಅದೊಂದೇ. ಲೈಬ್ರರಿಯನ್ ಪಾಂಡುರಂಗ ಬೇವಿನ ಎಲೆ ಇಟ್ಟ, ಲವಂಗ ಇಟ್ಟ, ಪುಸ್ತಕಗಳನ್ನೆಲ್ಲ ಹಪ್ಪಳದ ಹಾಗೆ ಬಿಸಿಲಿಗೆ ಹಾಕಿದ. ಹುಳ ನಿಜವಾಗಿಯೂ ಕಡಿಮೆಯಾಯಿತು. ಆ ಸಂತೋಷ ತಾಳಲಾರದೆ ಅದರ ಬಗ್ಗೆಯೇ ಒಂದು ಪ್ರಬಂಧ ಬರೆದ. ಹೆಸರು: 'ಗ್ರಂಥ ಭಂಡಾರದಲ್ಲಿ ಕೀಟ ನಿಯಂತ್ರಣ'.

ಬರೆದು ಕಪಾಟಿನಲ್ಲಿ ಇಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇಡಲು ಆಟದ ಮಾಸ್ತರ ಲಗಮಣ್ಣ ಬಿಡಬೇಕಲ್ಲ.

"ಗಲಗಲಿ ಸರ್, ನಿಮ್ಮ ಬಡ್ತಿ ಯಾಕ ನಿಂತೈತಿ? ಒಂದ ಸಮ್ಮೇಳನದಾಗ ಭಾಷಣ ಇಲ್ಲ, ಒಂದ ಪ್ರಬಂಧ ಅಚ್ಚಾಗಿಲ್ಲ. ಸವದತ್ತಿಯೊಳಗ ಲೈಬ್ರರಿಯನ್‌ಗಳ ವಿಚಾರ ಸಂಕಿರಣ ಐತಿ. ಹೋಗ್ರಿ, ಮಾತಾಡ್ರಿ, ಅಚ್ಚು ಹಾಕಸ್ಕೊಂಡು ಬರ್ರಿ. ಒಂದ ಏಟಿಗೆ ಎರಡೂ ಮುಗೀತು."

"ನನಗ ಮಾತಾಡ್ಲಿಕ್ಕೆ ಬರೂದಿಲ್ರಿ ಲಗಮಣ್ಣ. ಇಷ್ಟ ವರ್ಷ ನಾ ಮಂದಿಗೆ ಹೇಳಿದ್ದು ಒಂದ ಮಾತು. 'ಶ್‌!'"

ಲಗಮಣ್ಣ ಕೇಳುವ ಮನುಷ್ಯನಲ್ಲ. ತಾನೇ ಕೂತು ಪ್ರಬಂಧವನ್ನು ಸಂಕಿರಣದವರಿಗೆ ಮೇಲ್ ಮಾಡಿಸಿದ. ಕರೆ ಬಂತು. ಸಂಕಿರಣದ ದಿನ ಸಂಜೆಯೊಳಗೇ ಬಡ್ತಿಯ ಅರ್ಜಿಯೂ ಪ್ರಿನ್ಸಿಪಾಲರ ಕೈ ಸೇರಬೇಕಾಗಿತ್ತು. ಆ ದಿನ ತಪ್ಪಿದರೆ ಮತ್ತೆ ಎಷ್ಟು ವರ್ಷ ಕಾಯಬೇಕೋ ಯಾರಿಗೂ ಗೊತ್ತಿರಲಿಲ್ಲ.

ಆ ಮುಂಜಾನೆ ಹೆಂಡತಿ ಸುಚೇತಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ, "ಭಾಷಣದಾಗ ನಡುವ ನಿಂತು ಯಾರಿಗೂ ಶ್ ಅನ್ನಬ್ಯಾಡ್ರಿ ಮತ್ತ" ಎಂದು ಹೇಳಿ ಕಳಿಸಿದಳು.

ಸವದತ್ತಿಯ ಬಸ್ಸು ಮಾತ್ರ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರಿಂದ ಉಕ್ಕುತ್ತಿತ್ತು. ಸೀಟಿಲ್ಲ. ಪಕ್ಕದ ಅಜ್ಜಿ ಪ್ರೀತಿಯಿಂದ, "ನಿಂದರ ತಮ್ಮಾ, ತಾಯಿ ಭಂಡಾರ" ಎಂದು ಒಂದು ಮುಷ್ಟಿ ಅರಿಸಿನಪುಡಿಯನ್ನು ಅವನ ಹಣೆಗೆ ಹಚ್ಚಲು ಹೋದಳು. ಡ್ರೈವರ್ ಅದೇ ಹೊತ್ತಿಗೆ ಬ್ರೇಕ್ ಹಾಕಿದ. ಬಿಳಿ ಅಂಗಿ ಸೇವಂತಿ ಹೂವಿನ ಬುಟ್ಟಿಯಾಯಿತು. ಮುಂದೆ ಹೋಗಿ ಟೈರು ಪಂಕ್ಚರ್ ಆಯಿತು. ಸಂಕಿರಣದ ಸಂಚಾಲಕಿ ಮೃಣಾಲಿನಿ ಮೇಡಮ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಆದರೆ ಲೈಬ್ರರಿಯನ್‌ನ ಫೋನು, ಸದ್ದು ಮಾಡಿದರೆ ಹೇಗೆ? ಜೇಬಿನಲ್ಲೇ ಮೂಕವಾಗಿ ಮಿನುಗುತ್ತ ಇತ್ತು.

ಸಂಕಿರಣ ನಡೆಯುವ ಸವದತ್ತಿಯ ಕಲ್ಯಾಣ ಮಂಟಪ ಮುಟ್ಟುವಾಗ ಅವನ ಸರದಿ ಬಂದು ಹೋಗಿರಬೇಕು ಎನಿಸಿ ಜೀವ ಬಾಯಿಗೆ ಬಂದಿತ್ತು. ಬಾಗಿಲಲ್ಲಿ ದಪ್ಪ ಮೀಸೆಯ ಒಬ್ಬ ಮನುಷ್ಯ ಬಿಸಿ ಹಂಚಿನ ಮೇಲೆ ನಿಂತವನಂತೆ ಒದ್ದಾಡುತ್ತಿದ್ದ. ಪಾಂಡುರಂಗನನ್ನು ಕಂಡದ್ದೇ ಓಡಿ ಬಂದ.

"ಹುಳದ ಮ್ಯಾಲೆ ಭಾಷಣ ಮಾಡೂ ಸರ್ ನೀವ ಏನ್ರಿ?"

"ಹೌದ್ರಿ, ನಾನ! ತಡಾ ಆತು, ಬಸ್ಸು..."

"ಯಪ್ಪಾ, ಸದ್ಯ ಬಂದ್ರಿ! ಮಂದಿ ಕುಂತ ಕುಂತ ಬ್ಯಾಸತ್ತಾರ. ನಿಮ್ಮ ಪರಿಚಯ ಆಗ್ಲೇ ಮಾಡಿಬಿಟ್ಟೇವಿ. ಸೀದಾ ಮೈಕಿಗೆ ನಡೀರಿ."

"ಪೆನ್ ಡ್ರೈವ್ ಅದರಿ, ಚಿತ್ರ ತೋರಸ್ಬೇಕು..."

"ಚಿತ್ರ ಯಾಕ್ರಿ, ನಮ್ಮ ಮಂದಿ ಹುಳಾ ನೋಡಿಲ್ಲೇನು? ಬಾಯಾಗ ಹೇಳ್ರಿ ಸಾಕು."

ಆ ಮನುಷ್ಯ ಅವನ ರಟ್ಟೆ ಹಿಡಿದು, ಪಕ್ಕದ ಬಾಗಿಲಿನಿಂದ ಒಳಗೆಳೆದು, ವೇದಿಕೆ ಹತ್ತಿಸಿ, ಮೈಕಿನ ಮುಂದೆ ನಿಲ್ಲಿಸಿಯೇ ಬಿಟ್ಟ.

ಪಾಂಡುರಂಗ ಎದುರಿಗೆ ನೋಡಿದ. ಸಭಾಂಗಣ ತುಂಬಿತ್ತು. ತಲೆಗೆ ಪಟಗ, ಧೋತರ, ಇಳಕಲ್ ಸೀರೆ, ಹೆಗಲ ಮೇಲೆ ಟವೆಲ್ಲು. ಹಳ್ಳಿ ಹಳ್ಳಿಯ ಪಂಚಾಯ್ತಿ ಲೈಬ್ರರಿಗಳಿಂದ ಬಂದಿರಬೇಕು, ಎಷ್ಟು ಸರಳ ಮಂದಿ ಎಂದು ಅವನ ಮನಸ್ಸು ತುಂಬಿ ಬಂತು. ಗೋಡೆಗುಂಟ ರಟ್ಟಿನ ಡಬ್ಬಿಗಳ ಸಾಲು ಬೇರೆ. ಮಾರಾಟಕ್ಕೆ ಪುಸ್ತಕವೂ ತಂದಿದ್ದಾರೆ ಎಂದುಕೊಂಡ. ಇಷ್ಟೊಂದು ಮುಖಗಳು ತನ್ನ ಹುಳವನ್ನೇ ಕಾಯುತ್ತಿವೆ ಎಂಬುದು ಅವನಿಗೆ ಹೊಸ ಅನುಭವ.

"ಬಂಧುಗಳೇ," ಎಂದ. ದನಿ ಇಲಿಯದಾಗಿತ್ತು. ಗಂಟಲು ಸರಿಪಡಿಸಿಕೊಂಡ. "ಈ ಹುಳ ಎಂಥಾ ಕಳ್ಳ ಅಂದ್ರ, ಹೊರಗಿನಿಂದ ನೋಡಿದ್ರ ಎಲ್ಲಾ ಛಲೋನ ಕಾಣಸ್ತದ. ಕೈಯಾಗ ಹಿಡದು ಬಿಚ್ಚಿ ನೋಡ್ರಿ, ಒಳಗ ಬರೇ ಹಿಟ್ಟು!"

"ಖರೇ ಐತ್ರಿ!" ಹಿಂದಿನಿಂದ ಯಾರೋ ಕೂಗಿದರು.

ಪಾಂಡುರಂಗನಿಗೆ ರೋಮಾಂಚನವಾಯಿತು. ಅವನ ಜೀವಮಾನದಲ್ಲಿ ಲೈಬ್ರರಿ ವಿಷಯಕ್ಕೆ ಯಾರೂ ಹೀಗೆ ಕೂಗಿರಲಿಲ್ಲ.

"ವರ್ಷಗಟ್ಟಲೆ ಮಕ್ಕಳಂಗ ಜ್ವಾಕಿ ಮಾಡಿರ್ತೇವಿ. ಒಂದ ದಿವಸ ನೋಡಿದ್ರ ಎಲ್ಲಾ ತೂತು ತೂತು. ಹೊಟ್ಟಿ ಉರೀತದೋ ಇಲ್ಲೋ?"

"ಉರೀತೈತ್ರಿ!" ಇಡೀ ಸಭೆ ಒಂದೇ ದನಿಯಲ್ಲಿ.

ಇನ್ನು ಅವನನ್ನು ಹಿಡಿಯುವವರು ಯಾರು? ಅಂಗಿಯ ತೋಳು ಮಡಚಿದ, ಮೈಕನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡ. ಬೇವಿನ ಎಲೆಯ ಮಹಿಮೆ ಹೇಳಿದ. ಗಾಳಿ ಬೆಳಕು ಆಡಬೇಕೆಂದ. ಒತ್ತೊತ್ತಾಗಿ ಇಡಬೇಡಿ, ನಡುವೆ ಜಾಗ ಬಿಡಿ ಎಂದ. ಮುಂದಿನ ಸಾಲಿನ ಮುದುಕರು ಒಬ್ಬರ ತೊಡೆಯನ್ನೊಬ್ಬರು ತಟ್ಟಿ, "ನಾ ಹೇಳಿರ್ಲಿಲ್ಲ, ಸಾಲಿನ ನಡುವ ಜಾಗಾ ಬೇಕಂತ?" ಎನ್ನುತ್ತಿದ್ದರು.

ಉಗರಗೋಳದ ದುರ್ಗಪ್ಪ ಎಂಬಾತ ಎದ್ದು ನಿಂತ. "ಸಾಹೇಬ್ರ, ಎಕರೆಕ್ಕ ಎಷ್ಟ ಹೊಡೀಬೇಕ್ರಿ?"

ಗದ್ದಲದಲ್ಲಿ ಪಾಂಡುರಂಗನಿಗೆ ಕೇಳಿಸಿದ್ದು 'ರ‍್ಯಾಕಿಗೆ ಎಷ್ಟು' ಎಂದು.

"ಒಂದ ಮುಷ್ಟಿ ಬೇವಿನ ಎಲಿ ಸಾಕ್ರಿ!"

"ಬರೇ ಒಂದ ಮುಷ್ಟಿ?"

"ಬರೇ ಒಂದ ಮುಷ್ಟಿ. ಮ್ಯಾಲೆ ಬಿಸಿಲು. ಹೊಡಿಯೂದು ಗಿಡಿಯೂದು ಏನೂ ಬ್ಯಾಡ. ಈ ಅಂಗಡಿ ಔಷಧ ಅದಾವಲ್ಲ, ಒಂದ ರೂಪಾಯಿದ್ದು ತಗೋಬ್ಯಾಡ್ರಿ. ಹುಳಕ್ಕಿಂತ ಮೊದಲ ಮನಷ್ಯಾ ಸಾಯ್ತಾನ!"

ಸಭೆ ಎದ್ದು ನಿಂತಿತು. ಶಿಳ್ಳೆ ಹಾರಿದವು. ಪಟಗ ಹಾರಿದವು. ಪಾಂಡುರಂಗ ಎರಡೂ ಕೈ ಎತ್ತಿ ಜೋಡಿಸಿದ. ಅಂಥ ಸುಖದಲ್ಲಿ ತೇಲುತ್ತಿರುವಾಗ ಶೆಟ್ಟೆವ್ವ ಎಂಬ ಹೆಂಗಸು ಮುಂದೆ ಬಂದಳು.

"ಯಪ್ಪಾ, ನಂದೊಂದು ಮಾತು. ಭಾಳ ಹುಳಾ ಬಿದ್ದೈತ್ರಿ."

"ಅಕ್ಕಾ, ನಿಮ್ಮ ಲೈಬ್ರರಿ ಯಾವ ಊರಾಗ?"

"ಯಾವ ಲೈಬ್ರೀ? ನಂದು ಕಡ್ಲಿ ಹೊಲ!"

ಪಾಂಡುರಂಗ ಮೆಲ್ಲಗೆ ಹಿಂದೆ ತಿರುಗಿದ. ಅವನ ಬೆನ್ನ ಹಿಂದೆ ಇಷ್ಟು ಹೊತ್ತೂ ತೂಗುತ್ತಿದ್ದ ಬ್ಯಾನರಿನಲ್ಲಿ ಆಳುದ್ದದ ಅಕ್ಷರಗಳಿದ್ದವು: 'ಹಿಂಗಾರಿ ಬೆಳೆಗಳ ಕೀಟ ನಿಯಂತ್ರಣ: ರೈತರ ಸಮಾವೇಶ.' ಕೆಳಗೆ ಔಷಧ ಅಂಗಡಿಯ ಹೆಸರು, ಮಾಲೀಕ ಶಿವಲಿಂಗನ ಫೋಟೋ. ಅದೇ ದಪ್ಪ ಮೀಸೆ.

ಫೋಟೋದಲ್ಲಿ ನಗುತ್ತಿದ್ದ ಶಿವಲಿಂಗ ಕೆಳಗೆ ನಿಂತು ನಗುತ್ತಿರಲಿಲ್ಲ. ಮಾರಾಟಕ್ಕೆಂದು ತಂದ ಔಷಧದ ಡಬ್ಬಿಗಳ ಮೇಲೆ ಕೈಯಿಟ್ಟು, "ಸಾಹೇಬ್ರ, ನಿಮ್ಮನ್ನ ಕರಸಿದ್ದು ನನ್ನ ಮಾಲ ಮಾರಸಾಕೋ, ನನ್ನ ಅಂಗಡಿ ಮುಚ್ಚಸಾಕೋ?" ಎಂದ.

"ನನ್ನ ನೀವು ಕರಸೇ ಇಲ್ರಿ!" ಎಂದು ಪಾಂಡುರಂಗ ವೇದಿಕೆಯಿಂದ ಹಾರಿದ. ರೈತರು ಬಿಟ್ಟಾರೆಯೇ? ಒಬ್ಬ ಹೆಗಲ ಮೇಲೆ ಶಾಲು ಹಾಕಿದ, ಇನ್ನೊಬ್ಬ ಕೈಗೆ ತೆಂಗಿನಕಾಯಿ ಕೊಟ್ಟ, ದುರ್ಗಪ್ಪ ತನ್ನ ಹೊಲದ ಕುಂಬಳಕಾಯಿಯನ್ನೇ ಎದೆಗೊತ್ತಿದ. ಅವೆಲ್ಲ ಹೊತ್ತುಕೊಂಡು ಮಾಳಿಗೆಯ ಮೆಟ್ಟಿಲ ಬಳಿ ಬಂದಾಗಲೇ ಅವನಿಗೆ ಇನ್ನೊಂದು ಬ್ಯಾನರ್ ಕಂಡದ್ದು. ಲೈಬ್ರರಿಯನ್‌ಗಳ ಸಂಕಿರಣ ಮೇಲಿನ ಮಜಲಿನಲ್ಲಿತ್ತು.

ಏದುಸಿರು ಬಿಡುತ್ತ ಹತ್ತಿದ. ಬಾಗಿಲು ದೂಡಿದ. ವೇದಿಕೆಯ ಮೇಲೆ ಗುಂಡಗಿನ ಒಬ್ಬ ಬೋಳುತಲೆಯವರಿಗೆ ಮೃಣಾಲಿನಿ ಮೇಡಮ್ ಹಾರ ಹಾಕುತ್ತ ಮೈಕಿನಲ್ಲಿ ಹೇಳುತ್ತಿದ್ದರು: "ಈ ಸಂಕಿರಣದ ಅತ್ಯುತ್ತಮ ಭಾಷಣಕಾರರು, ಬೈಲಹೊಂಗಲದ ಶ್ರೀ ಪಾಂಡುರಂಗ ಗಲಗಲಿ!"

"ಅದು ನಾನ್ರೀ!" ಎಂದು ಪಾಂಡುರಂಗ ಕುಂಬಳಕಾಯಿ ಎತ್ತಿ ಕೂಗಿದ.

ಸಭೆಯ ಲೈಬ್ರರಿಯನ್‌ಗಳೆಲ್ಲ ತಿರುಗಿ ಒಂದೇ ದನಿಯಲ್ಲಿ "ಶ್‌!" ಎಂದರು.

ಹಾರ ಹಾಕಿಸಿಕೊಂಡವರ ಮುಖ ಮಾತ್ರ ಅರಳಿತು. "ಬಂದ್ರಾ? ಬರ್ರಿ ಬರ್ರಿ! ನಾ ಗಲಗಲಿ ಅಲ್ಲ, ಭರತ ಅಂತ, ಕೃಷಿ ವಿಜ್ಞಾನಿ ಅಂತ ಆಗ್ಲಿಂದ ಹೇಳ್ಲಿಕ್ಕತ್ತೇನಿ. ವಿನಯ ಭಾಳ ಅದ ಅಂತ ಚಪ್ಪಾಳಿ ಹೊಡೀತಾರ!"

ವಿಷಯ ಹೊರಬಂತು. ಕೆಳಗಿನ ರೈತರ ಸಮಾವೇಶಕ್ಕೆ ಶಿವಲಿಂಗ ಕರೆಸಿದ್ದು ಇವರನ್ನೇ. ಕನ್ನಡಕ ಕಾರಿನಲ್ಲಿ ಮರೆತು ಬಂದಿದ್ದರು. ಮೆಟ್ಟಿಲ ಬಳಿ ಮೃಣಾಲಿನಿ ಮೇಡಮ್ಮೇ ಸಿಕ್ಕು, "ಹುಳದ ಸರ್ ನೀವೇ ಏನ್ರಿ?" ಎಂದು ಕೇಳಿ, ಅವರ ಪೆನ್ ಡ್ರೈವ್ ಇಸಿದುಕೊಂಡು ಮೇಲೆ ಕರೆತಂದಿದ್ದರು.

"ರೈತರು ಏನ್ ಶಿಸ್ತ ಕಲತಾರಪಾ, ಒಬ್ಬರೂ ಕೆಮ್ಮಂಗಿಲ್ಲ ಅಂದ್ಕೊಂಡ ಮಾತಾಡಿದೆ," ಎಂದರು ಭರತ. "ಕಾಳು ದಾಸ್ತಾನು ಇಡೂದು ಹೆಂಗ, ಸ್ಟಾಕ್ ಆಗಾಗ ತಗದು ನೋಡೂದು ಹೆಂಗ ಅಂತ ಹೇಳಿದೆ. ಇವರೂ 'ಸ್ಟಾಕು, ಸ್ಟಾಕು' ಅಂತ ಬರಕೊಂಡ್ರು."

ಮೃಣಾಲಿನಿ ಮೇಡಮ್ ತಲೆಯ ಮೇಲೆ ಕೈಯಿಟ್ಟು ಕುಳಿತರು. ಆಮೇಲೆ ಮೊದಲು ನಕ್ಕವರೂ ಅವರೇ. ಅವರ ನಗೆ ಭರತರಿಗೆ ಹತ್ತಿತು, ಪಾಂಡುರಂಗನಿಗೆ ಹತ್ತಿತು, ಕೊನೆಗೆ ಸದ್ದು ಮಾಡದ ಆ ಸಭೆಗೂ ಹತ್ತಿತು.

"ಹಂಗಾರ ನನ್ನ ಭಾಷಣ?" ಎಂದ ಪಾಂಡುರಂಗ.

"ಊಟದ ಹೊತ್ತಾತ್ರಿ ಸರ್, ಇನ್ನ ಯಾರ ಕೂಡ್ತಾರ? ಕಟ್ಟಡ ಒಂದ, ದಿವಸ ಒಂದ, ಹುಳಾನೂ ಒಂದ. ಬರೇ ಮಜಲು ಬ್ಯಾರೆ. ಪ್ರಮಾಣಪತ್ರದ ಮ್ಯಾಲೆ ನಿಮ್ಮ ಹೆಸರ ಬರದದ, ತಗೊಳ್ರಿ. ನಿಮ್ಮ ಪ್ರಬಂಧಾನೂ ನಮ್ಮ ವೆಬ್‌ಸೈಟಿನ್ಯಾಗ ಪ್ರಕಟ ಆಗ್ಯದ. ಆರಾಮ ಮನಿಗೆ ಹೋಗ್ರಿ."

ಭಾಷಣದ ಪ್ರಮಾಣಪತ್ರ ಒಂದು ಕೈಯಲ್ಲಿ, ಕುಂಬಳಕಾಯಿ ಇನ್ನೊಂದು ಕೈಯಲ್ಲಿ. ಬೈಲಹೊಂಗಲದ ಬಸ್ಸಿನಲ್ಲಿ ಪಾಂಡುರಂಗನಿಗೆ ಈ ಸಲ ಕಿಟಕಿಯ ಸೀಟೇ ಸಿಕ್ಕಿತು. ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ನಕ್ಕ. ಪಕ್ಕದವನು ಸ್ವಲ್ಪ ಸರಿದು ಕುಳಿತ.

ಕಾಲೇಜಿನ ಗೇಟಿನಲ್ಲಿ ಲಗಮಣ್ಣ ಕಾಯುತ್ತಿದ್ದ. ಪ್ರಮಾಣಪತ್ರ ಕಂಡದ್ದೇ ಕಬಡ್ಡಿ ಗೆದ್ದವನ ಹಾಗೆ ಕೂಗಿ, ಪಾಂಡುರಂಗನನ್ನು ಹೆಚ್ಚೂಕಡಿಮೆ ಎತ್ತಿಕೊಂಡೇ ಪ್ರಿನ್ಸಿಪಾಲ್ ಬಸವಲಿಂಗರ ಕೋಣೆಗೆ ಒಯ್ದ.

ಬಸವಲಿಂಗರು ಪ್ರಮಾಣಪತ್ರ ನೋಡಿದರು. ಕಂಪ್ಯೂಟರಿನಲ್ಲಿ ಸಂಕಿರಣದ ವೆಬ್‌ಸೈಟು ತೆಗೆದರು. 'ಗ್ರಂಥ ಭಂಡಾರದಲ್ಲಿ ಕೀಟ ನಿಯಂತ್ರಣ', ಕೆಳಗೆ ಪಾಂಡುರಂಗ ಗಲಗಲಿ.

"ಭೇಷ್! ಭಾಷಣಾನೂ ಆತು, ಪ್ರಕಟಣಾನೂ ಆತು. ಇನ್ನ ಒಂದ ರಿವಾಜು ಉಳದೈತಿ. ಯಾರದ ಪ್ರಬಂಧ ಇರಲಿ, ಬ್ಯಾರೆಯವರದು ನಕಲು ಹೊಡದದ್ದು ಅಲ್ಲ ಅಂತ ನಮ್ಮ ಸಾಫ್ಟ್‌ವೇರಿನ್ಯಾಗ ತಪಾಸ ಆಗಬೇಕು. ಅದನ್ನ ಮಾಡಾವ್ರೂ ಲೈಬ್ರರಿಯನ್ನ, ಅಂದ್ರ ನೀವ. ಕುಂತ್ರಿ, ಮಾಡಿ ಮುಗಸ್ರಿ."

ಪಾಂಡುರಂಗ ನಗುತ್ತಲೇ ಕುಳಿತ. ಇದು ತನ್ನ ಬೆವರು, ತನ್ನ ಬೇವು. ಗುಂಡಿ ಒತ್ತಿದ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಪರದೆಯ ತುಂಬ ಕೆಂಪು ಬಣ್ಣ ಚೆಲ್ಲಿತು: ನೂರಕ್ಕೆ ತೊಂಬತ್ತಾರು ಭಾಗ ನಕಲು.

"ಯಂತ್ರ ಕೆಟ್ಟದರಿ!" ಎಂದು ಪ್ರಬಂಧ ಬಿಚ್ಚಿದ. ಮೊದಲ ಸಾಲು ಹೀಗಿತ್ತು: 'ಕಡಲೆ ಕಾಳನ್ನು ಚೀಲಕ್ಕೆ ತುಂಬುವ ಮೊದಲು ಚೆನ್ನಾಗಿ ಒಣಗಿಸಬೇಕು.' ಮೂಲ ಎಲ್ಲಿಯದೆಂದು ಯಂತ್ರವೇ ತೋರಿಸುತ್ತಿತ್ತು. ಕೃಷಿ ಮಾಸಿಕವೊಂದರಲ್ಲಿ ಬಂದ ಲೇಖನ, ಬರೆದವರು ಭರತ.

ಕುಳಿತಲ್ಲಿಂದಲೇ ಸವದತ್ತಿಗೆ ಫೋನ್ ಹಚ್ಚಿದ. "ಮೇಡಮ್, ನಾ ಮೇಲ್ ಮಾಡಿದ್ದು ಎಲ್ಲಿ ಹೋತ್ರಿ?"

"ಮೇಲ್ ಯಾರ ತಗದು ನೋಡ್ತಾರ ಸರ್? ತಲಿಬರಹ ಆಮಂತ್ರಣದಾಗಿಂದ ತಗೊಂಡ್ವಿ. ಒಳಗಿಂದು, ಭಾಷಣ ಮಾಡಿದವರ ಪೆನ್ ಡ್ರೈವಿನ್ಯಾಗ ಇದ್ದದ್ದು ಹಾಕೇವಿ," ಎಂದರು ಮೃಣಾಲಿನಿ. ಸ್ವಲ್ಪ ತಡೆದು, "ಅಯ್ಯ!" ಎಂದರು.

ಪಾಂಡುರಂಗ ನಡೆದದ್ದನ್ನೆಲ್ಲ ಹೇಳಿದ. ಬಸ್ಸು, ಭಂಡಾರ, ಮೀಸೆ, ಶೆಟ್ಟೆವ್ವ, ಒಂದೂ ಬಿಡಲಿಲ್ಲ. ಬಸವಲಿಂಗರು ಹೊಟ್ಟೆ ಹಿಡಿದು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಆದರೆ ಯಂತ್ರಕ್ಕೆ ನಗೆ ಬರುತ್ತದೆಯೇ? ಬಡ್ತಿಯ ಅರ್ಜಿಯನ್ನು ಮೆಲ್ಲಗೆ ಮಡಚಿ ಡ್ರಾವರಿಗೆ ಹಾಕಿ, ತಪಾಸಣೆಯ ವರದಿಯನ್ನು ಅವನ ಮುಂದೆ ಸರಿಸಿದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಪಾಂಡುರಂಗರ. ಈ ಸಾಫ್ಟ್‌ವೇರ್ ತಂದಾಗಿಂದ ನೀವು ಒಬ್ಬರನ್ನೂ ಹಿಡಿದಿರಲಿಲ್ಲ. ಆಡಳಿತ ಮಂಡಳಿಯವರು ಕೇಳತಿದ್ರು, ಆ ಗಲಗಲಿ ಏನ್ ಕೆಲಸ ಮಾಡ್ತಾನ ಅಂತ. ಇವತ್ತ ಹಿಡದ್ರಿ ನೋಡ್ರಿ, ಶಾಬ್ಬಾಸ್! ಇಲ್ಲೆ ಹಿಡದವ್ರ ಸಹಿ, ಅದರ ಕೆಳಗ ಸಿಕ್ಕವ್ರ ಸಹಿ. ಹೊತ್ತಾತು, ಎರಡೂ ಲಗೂ ಮಾಡಿ ಕೊಡ್ರಿ."

ಪಾಂಡುರಂಗ ಪೆನ್ನಿನ ಟೊಪ್ಪಿಗೆ ತೆಗೆದ. ಯಾವ ಸಹಿ ಮೊದಲು ಮಾಡಬೇಕೆಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.