ಕಾಯಿಯೊಂದು ಬಿಟ್ಟು ಎಲ್ಲವೂ ಸೇರಿ

ಒಬ್ಬರಿಗೆ ಎರಡು ಸಾವಿರದ ಇನ್ನೂರು ಹೇಳಿದರು, ನಾನು ಸಾವಿರದ ಏಳುನೂರಕ್ಕೆ ಇಳಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಇಡೀ ವ್ಯವಹಾರದಲ್ಲಿ ನಾನು ಎದೆಯುಬ್ಬಿಸಿ ಹೇಳಬಹುದಾದದ್ದು ಇಷ್ಟೇ. ಹಣ ಕೊಟ್ಟದ್ದು ಯಾತಕ್ಕೆ ಎಂದರೆ, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದವರೆಗೆ ಹೋಗಿ, ಕಣ್ಣಿಗೆ ದಪ್ಪ ಕನ್ನಡಕ ಹಾಕಿ, ಬಾಯಲ್ಲಿ ಪೈಪು ಕಚ್ಚಿ, ನೀರಲ್ಲಿ ಮುಖ ಮುಳುಗಿಸಿ ಮೀನು ನೋಡಿ ಬರುವುದಕ್ಕೆ. ಇದಕ್ಕೆ ಸ್ನಾರ್ಕ್ಲಿಂಗ್ ಎನ್ನುತ್ತಾರೆ. ಕುಮಟೆಯಲ್ಲಿ ಹುಟ್ಟಿ, ದಿನಬೆಳಗಾದರೆ ಬಾಗಿಲಿಗೇ ಬರುವ ಮೀನನ್ನು ನೋಡುವುದಕ್ಕೆ ದುಡ್ಡು ಕೊಟ್ಟೆ ಎಂದು ಹೇಳಲು ನನಗೆ ಇನ್ನೂ ನಾಲಿಗೆ ಏಳುವುದಿಲ್ಲ. ನಮ್ಮ ಬೀದಿಗೆ ಮೀನು ತರುವ ಹೆಂಗಸಂತೂ ಸುದ್ದಿ ಕೇಳಿ ಬುಟ್ಟಿ ಇಳಿಸಿ ನಕ್ಕಳು. "ಅಯ್ಯೋ ಒಡೇರೆ, ನನ್ನ ಬುಟ್ಟಿಲಿ ಪುಕ್ಕಟೆ ನೋಡೂಕೆ ಆಗ್ತಿಲ್ವಾ? ಹಣ ಹೆಚ್ಚಾದ್ರೆ ನಂಗೇ ಕೊಡಿ, ಪೈಪು ಬೇಕಾದ್ರೆ ನಾನೇ ಕಚ್ಕಂಡು ಕೂತ್ಕಣ್ತೆ."

ನಾನು ಹಳೆ ಮನೆಗಳ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು ಮಾರುವವ. ಕೈಯಲ್ಲಿ ಏನೂ ಇಲ್ಲದೆ ಶುರು ಮಾಡಿ ಇವತ್ತು ಸ್ವಂತ ಗೋದಾಮು ಮಾಡಿಕೊಂಡಿದ್ದರೆ ಅದಕ್ಕೆ ಕಾರಣ ನನ್ನ ಬಾಯಿ. ಮಿರ್ಜಾನದಲ್ಲಿ ಒಂದು ಹಲಸಿನ ಬಾಗಿಲಿನ ಮೇಲೆ ಕಣ್ಣು ಬಿದ್ದಾಗ ನಾನು ಅದರ ಕಡೆ ತಿರುಗಿಯೂ ನೋಡದೆ, ಗೆದ್ದಲು ಹಿಡಿದ ಕಿಟಕಿಯನ್ನು ಮುಟ್ಟಿ ಮುಟ್ಟಿ ಹೊಗಳಿದೆ. ಯಜಮಾನರು ಕಿಟಕಿಗೆ ಬೆಲೆ ಏರಿಸಿ ಏರಿಸಿ ಸುಸ್ತಾಗಿ, "ಹೋಗ್ಲಿ, ಆ ಬಾಗಿಲನ್ನಾದ್ರೂ ತಕಂಡು ಹೋಗಿ" ಎಂದು ತಾವಾಗಿಯೇ ಅಂದರು. ಇಡಗುಂಜಿಯ ಗಣಪತಿಗೂ ನಾನು ಪಂಚಕಜ್ಜಾಯದ ಹರಕೆಯನ್ನು ಕೆಲಸ ಆದಮೇಲೆ ಎಂದೇ ಹೇಳಿಕೊಂಡವನು, ಮುಂಗಡ ಕೊಟ್ಟವನಲ್ಲ. ಅವನೂ ಒಪ್ಪಿಕೊಂಡಿದ್ದಾನೆ.

ಇಂಥವನು ಮೀನು ನೋಡಲು ಹೊರಟದ್ದಕ್ಕೆ ಕಾರಣ ನನ್ನ ಹೆಂಡತಿ ಮಂಗಲಾ. ಹೊನ್ನಾವರದ ಹೊಳೆಬಾಯಿಯ ಕಡೆಯವಳು. ಅವಳು ಎಂದೂ ಏನೂ ಕೇಳಿದವಳಲ್ಲ. ಈ ಸಲ ವ್ಯಾಪಾರ ಚೆನ್ನಾಗಿ ಆದ ಹುರುಪಿನಲ್ಲಿ ನಾನೇ "ಎಂತ ಬೇಕು ಕೇಳು" ಎಂದೆ. ಸೀರೆ ಕೇಳುತ್ತಾಳೆ ಎಂಬ ಧೈರ್ಯ. ಸೀರೆ ಅಂಗಡಿಯವನು ನನಗೆ ಒಂದು ಚೌಕಟ್ಟಿನ ಬಾಕಿ ಉಳಿಸಿಕೊಂಡಿದ್ದ. ಅವಳು ಮಾತ್ರ ಕೈಯಲ್ಲಿದ್ದ ಬಂಗಡೆಯನ್ನು ಕೆಳಗಿಟ್ಟು, ಸ್ವಲ್ಪ ನಾಚಿಕೊಂಡು ಹೇಳಿದಳು: "ಸಣ್ಣವಳಿದ್ದಾಗಿಂದ ಮೀನು ಕೊಯ್ತಾ ಬಂದೆ. ಸತ್ತ ಮೀನಿನ ಕಣ್ಣೇ ನೋಡದ್ದು. ಜೀವ ಇರ್ಬೇಕಾರೆ ಅದು ಹ್ಯಾಂಗೆ ನೋಡ್ತದೆ ಅಂತ ಒಂದ್ಸಲ ನೋಡ್ಬೇಕು. ನೇತ್ರಾಣಿಲಿ ತೋರಿಸ್ತಾರಂತೆ." ಇದಕ್ಕೆ ಎಂಥ ಚೌಕಾಸಿ ಮಾಡುತ್ತೀರಿ? ಒಪ್ಪಿದೆ.

ಮುರ್ಡೇಶ್ವರದಲ್ಲಿ ಆ ಕಂಪನಿಯ ಮೇಜಿನ ಹಿಂದೆ ಚಡ್ಡಿ ಹಾಕಿ ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಮ್ಯಾನೇಜರ ಕೂತಿದ್ದ. ಬೆಂಗಳೂರಿನ ಕಡೆಯ ಮಾತು. "ಸರ್, ಆಲ್ ಇನ್‌ಕ್ಲೂಸಿವ್ ಸರ್. ಎಲ್ಲಾ ಸೇರಿ. ನೀವು ಬರೀ ಬನ್ನಿ ಸಾಕು" ಎಂದ. ಈ "ಎಲ್ಲಾ ಸೇರಿ" ಎಂಬ ಮಾತು ಕೇಳಿದಾಗಲೇ ನನ್ನ ಮೂಗು ಚುರುಕಾಗುತ್ತದೆ. ಬಾಗಿಲಿಗೆ ಎಲ್ಲಾ ಸೇರಿ ಎಂದವನು ಒಯ್ಯುವ ಹೊತ್ತಿಗೆ ಚಿಲಕ ಬೇರೆ ಎನ್ನುತ್ತಾನೆ, ಇದು ನನ್ನ ಅನುಭವ. ಹಾಗೇ ಆಯಿತು. ಬಟ್ಟೆ ಇಡುವ ಪೆಟ್ಟಿಗೆಗೆ ಬೇರೆ. ನೀರಿನೊಳಗೆ ಫೋಟೋ ತೆಗೆದರೆ ಬೇರೆ. ಉಪಾಹಾರ ಸೇರಿದೆ, ಹೌದು: ಒಂದು ಬನ್ನು, ಒಂದು ಬಾಳೆಹಣ್ಣು. ಆ ಬಾಳೆಹಣ್ಣನ್ನು ನಮ್ಮ ಕುಮಟೆಯ ಪೇಟೆಯಲ್ಲಿ ದನಕ್ಕೆ ಕೊಟ್ಟರೆ ದನ ನಿಮ್ಮ ಮುಖ ನೋಡುತ್ತದೆ. ನಾನು ಹಲ್ಲು ಕಚ್ಚಿಕೊಂಡೆ. ಮಂಗಲಾ ಆಗಲೇ ಲೈಫ್ ಜಾಕೆಟ್ ತೊಟ್ಟು, ಕನ್ನಡಕವನ್ನು ಹಣೆಗೆ ಏರಿಸಿ, ಮದುವೆಗೆ ಹೊರಟ ಹುಡುಗಿಯ ಹಾಗೆ ದೋಣಿಯ ಅಂಚಿಗೆ ಹೋಗಿ ಕೂತಿದ್ದಳು.

ದೋಣಿಯಲ್ಲಿ ನಾವಿಬ್ಬರು, ಹುಬ್ಬಳ್ಳಿಯಿಂದ ಬಂದ ಒಂದಷ್ಟು ಗೆಳೆಯರು, ಮ್ಯಾನೇಜರ, ಮತ್ತು ಚುಕ್ಕಾಣಿಯಲ್ಲಿ ತಾಂಡೇಲ. ತಾಂಡೇಲ ಎಂದರೆ ದೋಣಿ ನಡೆಸುವವನು, ಅಲ್ಲೇ ಹತ್ತಿರದವನು. ಅವನು ಇಂಜಿನ್ ಶುರು ಮಾಡದೆ ಎದ್ದು ಬಂದು ಕೈ ಚಾಚಿದ. "ಕಾಯಿಗೆ ಹತ್ತು ಹತ್ತು ರೂಪಾಯಿ ಕೊಡಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೇತ್ರಾಣಿಯಲ್ಲಿ ಜಟ್ಟಿಗ ಎಂಬ ದೇವರಿದ್ದಾನೆ. ಮೀನಿಗೆ ಹೋಗುವವರು ಅವನಿಗೆ ನಡೆದುಕೊಳ್ಳುತ್ತಾರೆ, ಅವನ ಕಡೆ ದೋಣಿ ತಿರುಗಿಸುವ ಮೊದಲು ಒಂದು ತೆಂಗಿನಕಾಯಿ ಕೊಡುತ್ತಾರೆ. ಹಿಂದೆ ದೋಣಿಯ ಯಜಮಾನನೇ ಕಾಯಿ ತರುತ್ತಿದ್ದನಂತೆ. ಈಗ ದೋಣಿಯನ್ನು ಕಂಪನಿ ಬಾಡಿಗೆಗೆ ಹಿಡಿದಿದೆ, ಕಂಪನಿಗೆ ಜಟ್ಟಿಗ ಗೊತ್ತಿಲ್ಲ. ಹಾಗಾಗಿ ಕೂತವರ ಹತ್ತಿರ ದುಡ್ಡು ಎತ್ತಿ, ದೋಣಿ ನಿಲ್ಲುವ ಧಕ್ಕೆಯ ಎದುರಿನ ಗೂಡಂಗಡಿಯಿಂದ ಕಾಯಿ ತರುವುದು ರೂಢಿಯಾಗಿದೆ.

ಹುಬ್ಬಳ್ಳಿಯವರು ಜೇಬಿಗೆ ಕೈ ಹಾಕಿದರು. "ಯಾರೂ ಕೊಡಬೇಡಿ!" ಎಂದೆ ನಾನು.

ದೇವರ ಕಾಯಿಗೆ ಚೌಕಾಸಿ ಮಾಡಿದ ಎಂದು ದಯವಿಟ್ಟು ತಿಳಿಯಬೇಡಿ. ಕಾಯಿ ಕೊಡಲೇಬೇಕು ಎಂಬುದರಲ್ಲಿ ನನಗೂ ತಾಂಡೇಲನಿಗೂ ಎರಡು ಮಾತಿರಲಿಲ್ಲ. ನನ್ನ ಪ್ರಶ್ನೆ ಒಂದೇ: ಕಾಯಿ ಇಲ್ಲದೆ ದೋಣಿ ಹೊರಡುವುದಿಲ್ಲ ಎಂದಾದರೆ, ಡೀಸೆಲ್ಲು ಹೇಗೋ ಕಾಯಿಯೂ ಹಾಗೇ. ಎಲ್ಲಾ ಸೇರಿ ಎಂದಮೇಲೆ ಕಾಯಿಯೂ ಸೇರಬೇಕೋ ಬೇಡವೋ? ನೀವೇ ಹೇಳಿ.

"ಸರ್, ಕೋಕೊನಟ್ ನಮ್ಮ ಪ್ಯಾಕೇಜಲ್ಲಿ ಬರಲ್ಲ ಸರ್" ಎಂದ ಮ್ಯಾನೇಜರ.

"ಡೀಸೆಲ್ ಬರ್ತದಾ?"

"ಅದು ಬರುತ್ತೆ ಸರ್."

"ಡೀಸೆಲ್ ಹಾಕಿ ಕಾಯಿ ಹಾಕದಿದ್ರೆ ದೋಣಿ ಹೋಗ್ತದಾ, ಕೇಳಿ ನಿಮ್ಮ ತಾಂಡೇಲನ್ನ."

"ಕಾಯಿ ಕೊಡದೇ ನಾ ನೇತ್ರಾಣಿಗೆ ಹೋದವ ಅಲ್ಲ. ನನ್ನಪ್ಪನೂ ಹೋದವ ಅಲ್ಲ" ಎಂದ ತಾಂಡೇಲ, ಬೀಡಿ ಹಚ್ಚುತ್ತ.

"ಕೇಳ್ತಾ?" ಎಂದೆ ನಾನು, ಗೆದ್ದವನಂತೆ.

ಹುಬ್ಬಳ್ಳಿಯವರಲ್ಲಿ ದೊಡ್ಡ ಹೊಟ್ಟೆಯ ಒಬ್ಬರು ಎದ್ದು ನಿಂತರು. "ಏನ್ರಿ ಕಾಕಾ, ಒಂದ್ ತೆಂಗಿನಕಾಯಿ ಸಲುವಾಗಿ ಸಮುದ್ರಾನ ನಿಂದ್ರಿಸೀರಲ್ಲ! ತಗೊಳ್ರಿ, ಎಲ್ಲಾರ್ದೂ ನಾನ ಕೊಡ್ತೀನಿ."

"ನೀವು ಕೊಟ್ಟರೆ ನಾಳೆ ಬರುವವರೂ ಕೊಡಬೇಕಾಗ್ತದೆ. ಇದು ತತ್ವದ ಪ್ರಶ್ನೆ" ಎಂದೆ.

"ತತ್ವ ಹುಬ್ಬಳ್ಳ್ಯಾಗೂ ಸಿಗ್ತೈತ್ರಿ. ಮೀನ ನೋಡಾಕ ಬಂದೇವಿ" ಎಂದು ಅವರು ಕೂತುಬಿಟ್ಟರು.

ಅಂಚಿನಿಂದ ಮಂಗಲಾ ಮೆಲ್ಲಗೆ ಹೇಳಿದಳು: "ಹತ್ತು ರೂಪಾಯಿ ಕೊಟ್ಬಿಡಿ ಅಲಾ. ಹೊತ್ತಾದ್ರೆ ನೀರು ಕಲಕ್ತದೆ." ಅದು ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಎದುರಿನವನು ಸೋಲುವ ಹಂತಕ್ಕೆ ಬಂದಾಗ ಕೈ ಬಿಡುವುದು ನನ್ನ ಜಾಯಮಾನದಲ್ಲಿಲ್ಲ. ಮ್ಯಾನೇಜರನ ಕಿವಿ ಕೆಂಪಾಗಿತ್ತು. ಇನ್ನೂ ಸ್ವಲ್ಪ ಜಗ್ಗಿದೆ. ಕೊನೆಗೆ ಅವನು ಒಂದು ನೋಟು ತೆಗೆದು ತಾಂಡೇಲನ ಕಡೆ ಎಸೆದ. "ತಗೊಳ್ಳಪ್ಪಾ, ಹೊರಡು!"

ಗೆದ್ದೆ! ಎಂದುಕೊಂಡೆ. ತಾಂಡೇಲ ಮಾತ್ರ ನೋಟನ್ನು ಮುಟ್ಟಲಿಲ್ಲ.

"ಜಗಳದ ಕಾಯಿ ಜಟ್ಟಿಗಗೆ ಆಗೂದಿಲ್ಲ. ಖುಷಿಲಿ ಕೊಟ್ರೆ ಮಾತ್ರ ತಕಂಡು ಹೋಪುದು."

ಈಗ ಹೇಳಿ, ಇದಕ್ಕೆ ಏನು ಮಾಡಬೇಕು? ಮ್ಯಾನೇಜರನಿಗೆ ಖುಷಿಯಿಲ್ಲ. ನನಗಿದ್ದ ಖುಷಿ ಬೇರೆ ಜಾತಿಯದು. ಹುಬ್ಬಳ್ಳಿಯವರ ಖುಷಿಯನ್ನು ನಾನೇ ಕೆಡಿಸಿದ್ದೆ. ನಾನು, ಮ್ಯಾನೇಜರ, ತಾಂಡೇಲ ಮೂವರೂ ಒಟ್ಟಿಗೇ ಮಾತಾಡತೊಡಗಿದೆವು. ಈ ಗದ್ದಲದಲ್ಲಿ ಮಂಗಲಾ ಯಾವಾಗ ಇಳಿದು ಹೋದಳೋ ನನಗೆ ಗೊತ್ತಾಗಲಿಲ್ಲ. ಲೈಫ್ ಜಾಕೆಟ್ಟಿನಲ್ಲೇ, ಹಣೆಯ ಮೇಲಿನ ಕನ್ನಡಕ ಹಾಗೇ ಇಟ್ಟುಕೊಂಡು, ಗೂಡಂಗಡಿಗೆ ಹೋಗಿ ತನ್ನ ದುಡ್ಡಿನಲ್ಲಿ ಒಂದು ಕಾಯಿ ತಂದಳು. ಬೆಲೆಯನ್ನೂ ಕೇಳಿರಲಿಕ್ಕಿಲ್ಲ. ತಾಂಡೇಲ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. "ಆತು ಅಕ್ಕಾ. ಕೂತ್ಕಣಿ" ಎಂದ. ಇಂಜಿನ್ ಗುಡುಗಿತು.

ನೇತ್ರಾಣಿ ಮುಟ್ಟುವಾಗ ಗಾಳಿ ಎದ್ದಿತ್ತು. ಇಬ್ಬಿಬ್ಬರನ್ನೇ ನೀರಿಗಿಳಿಸುವುದು ಕ್ರಮ. ಯಾರು ಮೊದಲು ಎಂದು ನಿರ್ಧರಿಸುವವನು ಮ್ಯಾನೇಜರ. ಅವನು ನನ್ನನ್ನೊಮ್ಮೆ ನೋಡಿ, "ನೀವಿಬ್ರು ಲಾಸ್ಟ್ ಸರ್" ಎಂದ. ಇಂಥ ಸಣ್ಣತನಕ್ಕೆ ಏನು ಹೇಳೋಣ! ಜಗಳ ಮಾಡಿದವನು ನಾನು, ಕಾಯಿ ತಂದವಳು ಅವಳು. ಅವಳನ್ನೇಕೆ ಹಿಂದೆ ಹಾಕಬೇಕು? ಇದನ್ನು ನಾನು ಕೇಳಿಯೂ ಕೇಳಿದೆ. ಅದರಿಂದ ಇನ್ನಷ್ಟು ಹೊತ್ತಾಯಿತು. ಹುಬ್ಬಳ್ಳಿಯವರು ಇಬ್ಬಿಬ್ಬರಾಗಿ ಇಳಿದರು, ತಲೆಯೆತ್ತಿ ಕೂಗಿದರು. "ಲೇ, ಹಳದೀದು! ಅದರ ಬೆನ್ನ ಮ್ಯಾಲ ಪಟ್ಟಿ ಐತಿ!" ಪ್ರತಿ ಕೂಗಿಗೂ ಮಂಗಲಾ ಅಂಚಿನಿಂದ ಬಗ್ಗಿ ನೋಡುತ್ತಿದ್ದಳು. ಮೇಲಿನಿಂದ ಕಾಣುತ್ತಿದ್ದದ್ದು ಹಸಿರು ನೀರು ಮಾತ್ರ.

ನಮ್ಮ ಸರದಿ ಬಂತು. ಅವಳು ಪೈಪು ಕಚ್ಚಿ, ಒಂದು ಕಾಲನ್ನು ಏಣಿಯ ಮೇಲಿಟ್ಟಳು. ತಾಂಡೇಲ ಪಡುವಣ ಕಡೆ ನೋಡಿ ಎದ್ದುನಿಂತ. "ಆತು. ಇನ್ನು ಯಾರೂ ಇಳಿಯೂಕಿಲ್ಲ. ತೆರೆ ದೊಡ್ಡದಾತು."

"ಹತ್ತು ನಿಮಿಷ" ಎಂದೆ.

"ಇಲ್ಲ."

"ಐದು. ಹೋಗ್ಲಿ, ಅವಳೊಬ್ಬಳೇ ಇಳೀಲಿ. ಎರಡು ನಿಮಿಷ."

"ಗಾಳಿ ಹತ್ರ ಚೌಕಾಸಿ ಮಾಡಿ ಒಡೇರೆ. ನನ್ನ ಹತ್ರ ಅಲ್ಲ."

ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ನಾನು ಯಾವ ಬಾಗಿಲಿಗೂ ಚೌಕಾಸಿ ಮಾಡಿದವನಲ್ಲ. ಆಗಲಿಲ್ಲ. ಮಂಗಲಾ ಏಣಿಯಿಂದ ಕಾಲು ತೆಗೆದಳು. ಪೈಪನ್ನು ಬಾಯಿಂದ ತೆಗೆದು, ಸೆರಗಿಲ್ಲದ್ದಕ್ಕೆ ಟೀ ಶರ್ಟಿನ ತುದಿಯಲ್ಲಿ ಒರೆಸಿ, ಮ್ಯಾನೇಜರನ ಕೈಗೆ ಕೊಟ್ಟಳು. ಅವಳ ಕನ್ನಡಕದ ಮೇಲೆ ಒಂದು ಹನಿ ನೀರಿರಲಿಲ್ಲ. ಹುಬ್ಬಳ್ಳಿಯ ದೊಡ್ಡ ಹೊಟ್ಟೆಯವರು ತಮ್ಮ ಪಾಲಿನ ಬನ್ನನ್ನು ಅವಳಿಗೆ ಕೊಟ್ಟರು. ನನಗೆ ಯಾರೂ ಏನೂ ಕೊಡಲಿಲ್ಲ.

ದಡಕ್ಕೆ ಬಂದವನೇ ನಾನು ಮೇಜಿಗೆ ಬಡಿದೆ. ನೀರಿಗಿಳಿಸದೆ ನೀರಿನ ದುಡ್ಡು ಹೇಗೆ ತೆಗೆದುಕೊಳ್ಳುತ್ತೀರಿ? ಮ್ಯಾನೇಜರನಿಗೆ ಅಷ್ಟು ಹೊತ್ತಿಗೆ ನನ್ನ ಮುಖ ಸಾಕಾಗಿತ್ತು. ಇಬ್ಬರ ಅರ್ಧ ಹಣ ಎಣಿಸಿ ಕೊಟ್ಟ. ಅದನ್ನು ತಂದು ಮಂಗಲಾಳ ಎದುರು ಹಿಡಿದೆ. "ನೋಡು! ಎಷ್ಟು ಜನರ ಕೈಯಲ್ಲಿ ಆಗ್ತದೆ ಇದು?"

"ಕೊಡಿ ಇತ್ಲಾಗೆ" ಎಂದಳು. ತೆಗೆದುಕೊಂಡು, ಅದಕ್ಕೆ ತನ್ನ ಪರ್ಸಿನಿಂದ ಇನ್ನಷ್ಟು ಸೇರಿಸಿ, ನೆಟ್ಟಗೆ ಅದೇ ಮೇಜಿಗೆ ಹೋದಳು. "ಬರೂ ಭಾನುವಾರಕ್ಕೆ ಒಂದು ಟಿಕೆಟು. ಬೆಳಗಿನ ಮೊದಲ ದೋಣಿ." ಮ್ಯಾನೇಜರ ಎರಡು ಸಾವಿರದ ಇನ್ನೂರು ಎಂದ. ಅವಳು ಎರಡು ಸಾವಿರದ ಇನ್ನೂರು ಕೊಟ್ಟಳು! ಹೇಳಿದ ಬೆಲೆ! ನನ್ನ ಕಣ್ಣೆದುರಿಗೆ! ನನ್ನ ಹೆಂಡತಿ! ಹತ್ತು ರೂಪಾಯಿಯನ್ನಾದರೂ ಬಿಡಿ ಎಂದು ಬಾಯಿಮಾತಿಗಾದರೂ ಕೇಳಬಾರದೇ? ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ ಹೆಂಗಸನ್ನು ಅಳಿಸುವವಳು ಇವಳೇ.

ಭಾನುವಾರ ಅವಳು ಹೋದಳು. ನಾನು ಧಕ್ಕೆಯವರೆಗೆ ಹೋದೆ. ಅಲ್ಲಿಂದ ಮುಂದೆ ನನಗೆ ಅನುಮತಿಯಿರಲಿಲ್ಲ. "ನೀವು ಇಲ್ಲೇ ಕೂತ್ಕಣಿ, ಯಾರ ಹತ್ರನೂ ಮಾತಾಡ್ಬೇಡಿ" ಎಂದಳು. ಕೂತೆ. ಮಧ್ಯಾಹ್ನ ಅವಳು ಕೂದಲು ಒದ್ದೆಯಾಗಿ, ಮುಖದ ಸುತ್ತ ಕನ್ನಡಕದ ಗುರುತು ಮೂಡಿಸಿಕೊಂಡು ಬಂದಳು. "ಹ್ಯಾಂಗಾತು?" ಎಂದೆ. "ಆತು" ಎಂದಳು. ಅಷ್ಟೇ.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ಹೊನ್ನಾವರಕ್ಕೆ ಹೊರಟ ಒಬ್ಬ ಅಪರಿಚಿತ ಹೆಂಗಸಿನ ಪಕ್ಕ ಕೂತಳು. ಅವಳಿಗೆ ಪುಕ್ಕಟೆ, ನನಗೆ ಟಿಕೆಟು. ಅದರ ಸಿಟ್ಟು ಬೇರೆಯೇ ಇದೆ, ಈಗ ಬೇಡ. ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಟದ್ದೇ ತಡ, ನನಗೆ ಹೇಳದ್ದನ್ನೆಲ್ಲ ಆ ಹೆಂಗಸಿಗೆ ಹೇಳತೊಡಗಿದಳು. "ಒಂದು ಬಂದು ನನ್ನ ಮುಖದ ಮುಂದೇ ನಿಂತ್ಕಂತು ಅಕ್ಕಾ. ಕಣ್ಣು ಹೀಂಗೆ ತಿರುಗಿಸ್ತು. ನನ್ನೇ ನೋಡ್ತು. ಹೆದರ್ಲೇ ಇಲ್ಲ. ನಾನೇ ಹೆದರಿ, ನಿನ್ನ ಪೈಕಿಯವ್ರನ್ನ ಎಷ್ಟು ಕೊಯ್ದೆನಪ್ಪಾ ಅಂದ್ಕಂಡೆ." ಆ ಹೆಂಗಸು "ಅಯ್ಯಯ್ಯೋ!" ಎಂದು ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ನಾನು ಸೀಟಿನ ಬೆನ್ನಿಗೆ ಕಿವಿ ಹಚ್ಚಿ ಕೂತೆ. ಹವಳ, ಆಮೆ, ಸಾವಿರ ಸಣ್ಣ ಮೀನುಗಳು ಒಟ್ಟಿಗೇ ತಿರುಗುವುದು, ಎಲ್ಲವನ್ನೂ ಕೇಳಿದೆ. ಹೊನ್ನಾವರದಲ್ಲಿ ಆ ಹೆಂಗಸು ಇಳಿದಳು. ಶರಾವತಿ ಸೇತುವೆ ದಾಟುವಾಗಲೇ ಆಮೆಯ ಮಾತು ಅರ್ಧಕ್ಕೆ ನಿಂತಿತ್ತು. ಮುಂದಕ್ಕೆ ಬಾಗಿ "ಮತ್ತೆ? ಆಮೆ ಎಂತ ಮಾಡ್ತು?" ಎಂದೆ. ತಿರುಗಿ ನೋಡಿ, "ಎಂತ ಮಾಡ್ತದೆ? ಹೋತು" ಎಂದಳು.

ಕಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅದು ಕಂಪನಿಯೇ ಕೊಡಬೇಕಾದದ್ದು. ಆದರೂ ಹೋಗುವವರ ಒಳ್ಳೆಯದಕ್ಕೆ ನಾಲ್ಕು ಮಾತು. ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಿರಿ, ಬಿಸಿಲು ಏರಿದಂತೆ ಗಾಳಿಯೂ ಏರುತ್ತದೆ. ಎರಡು ಇಡ್ಲಿಗಿಂತ ಹೆಚ್ಚು ತಿನ್ನಬೇಡಿ, ಕಂಪನಿಯ ಬಾಳೆಹಣ್ಣನ್ನು ತಿನ್ನಲೇ ಬೇಡಿ. ಬೆಲೆಯನ್ನು ದಡದಲ್ಲಿ ಎಷ್ಟು ಬೇಕಾದರೂ ಜಗ್ಗಿ, ಐನೂರು ಇಳಿಯುತ್ತದೆ ಎಂದು ನಾನು ತೋರಿಸಿಕೊಟ್ಟಿದ್ದೇನೆ, ಆದರೆ ದೋಣಿಗೆ ಕಾಲಿಟ್ಟಮೇಲೆ ಬಾಯಿ ಮುಚ್ಚಿ. ಕಾಯಿಯನ್ನು ಮನೆಯಿಂದಲೇ ಒಯ್ಯಿರಿ, ಧಕ್ಕೆಯ ಗೂಡಂಗಡಿಯಲ್ಲಿ ದುಬಾರಿ. ಇಷ್ಟೆಲ್ಲ ನಿಮ್ಮಿಂದ ಆಗದು, ನಿಮ್ಮ ಸ್ವಭಾವವೂ ನನ್ನದರ ಹಾಗೇ ಎಂದಾದರೆ, ಹೆಂಡತಿಯೊಬ್ಬಳನ್ನೇ ಕಳಿಸಿ, ಬರುವಾಗ ಬಸ್ಸಿನಲ್ಲಿ ಅವಳ ಹಿಂದಿನ ಸೀಟು ಹಿಡಿಯಿರಿ. ಕಿಟಕಿಯ ಗಾಜು ಎಳೆದುಕೊಳ್ಳಲು ಮರೆಯಬೇಡಿ, ಗಾಳಿಯ ಸದ್ದಿಗೆ ಅರ್ಧ ಮೀನು ಕೇಳಿಸುವುದೇ ಇಲ್ಲ.